ವಿಮಾನದಿಂದ ಇಳಿದೊಡನೆ ಕಾರು ನಡೆಸಬಹುದೆ?

ಬೆಂಗಳೂರಿನಿಂದ ನಡುರಾತ್ರಿ ಕಳೆದ ಮೇಲೆ ಹೊರಡುವ ವಿಮಾನವು ಏಳು ಸಾವಿರ ಕಿಲೋಮೀಟರಿಗೂ ಮಿಗಿಲಾದ ದೂರವನ್ನು ಸುಮಾರು ಹತ್ತು ಗಂಟೆಗಳಲ್ಲಿ ಕ್ರಮಿಸಿ, ಅದೇ ದಿನದ ಬೆಳಗಿನಲ್ಲಿ ಜರ್ಮನಿಯ ಫ್ರಾಂಕ್‌ಫರ್ಟ್ ನಗರವನ್ನು ಮುಟ್ಟುತ್ತದೆ. ವ್ಯಾಸಂಗಕ್ಕೆಂದೋ ಉದ್ಯೋಗಕ್ಕೆಂದೋ ಹೀಗೆ ಹೋಗುವ ತರುಣರು ಇಂದು ನಮ್ಮಲ್ಲಿ ಅನೇಕರಿದ್ದಾರೆ. ಆ ವಿಮಾನನಿಲ್ದಾಣದಲ್ಲಿಯೇ ಕಾರುಗಳು ಬಾಡಿಗೆಗೆ ದೊರೆಯುತ್ತವೆ. ಕಾಗದಪತ್ರಗಳನ್ನು ತೋರಿಸಿ ಬೀಗದ ಕೈ ಪಡೆದರಾಯಿತು; ನಿಲ್ದಾಣದ ಮಗ್ಗುಲಲ್ಲಿಯೇ ಎ3 ಮತ್ತು ಎ5 ಎಂಬ ಎರಡು ಹೆದ್ದಾರಿಗಳು ಒಂದನ್ನೊಂದು ಹಾಯ್ದು ಹೋಗುತ್ತವೆ. ಅಲ್ಲಿ ಇವಕ್ಕೆ ಆಟೋಬಾನ್ ಎಂದು ಹೆಸರು. ಇವುಗಳ ಕೆಲವು ಭಾಗಗಳಲ್ಲಿ ವೇಗಕ್ಕೆ ಕಡ್ಡಾಯವಾದ ಮಿತಿಯೇ ಇಲ್ಲ. ಗಂಟೆಗೆ 130 ಕಿಲೋಮೀಟರನ್ನು ಮೀರದಿರುವುದು ಒಳಿತೆಂಬ ಸಲಹೆ ಮಾತ್ರ ಉಂಟು.

ಕಣ್ಣೆದುರು ಬೆಳಗಿನ ಬಿಸಿಲು. ಮನಸ್ಸಿನಲ್ಲಿ ಹೊಸ ದೇಶವನ್ನು ಕಾಣುವ ಉತ್ಸಾಹ. ದಣಿವೇನೂ ಇಲ್ಲವೆಂದೇ ಪ್ರಯಾಣಿಕನಿಗೆ ತೋರುತ್ತದೆ. ಈ ತೋರಿಕೆಯನ್ನು ಎಷ್ಟರಮಟ್ಟಿಗೆ ನಂಬಬಹುದೆಂಬುದನ್ನು ಸರಳವಾದ ಲೆಕ್ಕಗಳಿಂದ ನಾವು ಪರಿಶೀಲಿಸೋಣ.

ಎಚ್ಚರದ ಲೆಕ್ಕ

ನಮ್ಮ ಪ್ರಯಾಣಿಕನು ಹಾಸನದವನೆಂದು ಇಟ್ಟುಕೊಳ್ಳೋಣ. ಸೋಮವಾರ ಬೆಳಗ್ಗೆ 6 ಗಂಟೆಗೆ ಎದ್ದನು. ಹಗಲೆಲ್ಲ ಗಂಟುಮೂಟೆಗಳನ್ನು ಕಟ್ಟುವ ಕೆಲಸ. ಸಂಜೆ ಬೆಂಗಳೂರಿನ ದಾರಿ. ರಾತ್ರಿ ದೇವನಹಳ್ಳಿಯ ಬಳಿಯ ನಿಲ್ದಾಣದಲ್ಲಿ ಕಾಯುವಿಕೆ. ಮಂಗಳವಾರ ನಸುಕಿನ 2-30ಕ್ಕೆ ಹೊರಟ ವಿಮಾನ ನಮ್ಮ ಗಡಿಯಾರದಂತೆ ಮಧ್ಯಾಹ್ನ 12-30ಕ್ಕೆ ಇಳಿಯಿತು. ಚಳಿಗಾಲದಲ್ಲಿ ಜರ್ಮನಿಯ ಕಾಲ ನಮ್ಮದಕ್ಕಿಂತ ನಾಲ್ಕೂವರೆ ಗಂಟೆ ಹಿಂದಿರುವುದರಿಂದ ಅಲ್ಲಿ ಆಗ ಬೆಳಗ್ಗೆ 8 ಗಂಟೆ. ತಪಾಸಣೆಗಳು ಮುಗಿದು, ಪೆಟ್ಟಿಗೆಗಳು ಕೈಸೇರಿ, ಕಾರಿನಲ್ಲಿ ಕುಳಿತುಕೊಳ್ಳುವ ವೇಳೆಗೆ 9-30 ಆಗುವುದು. ಎಂದರೆ ನಮ್ಮಲ್ಲಿ ಮಧ್ಯಾಹ್ನ 2 ಗಂಟೆ. ಹಾಸಿಗೆ ಬಿಟ್ಟು ಆಗಲೇ 32 ಗಂಟೆಗಳಾದುವು! ಈ ನಡುವೆ ಅವನಿಗೆ ದೊರೆತದ್ದು ಕುಳಿತಲ್ಲಿಯೇ ಕತ್ತು ವಾಲಿಸಿ ಮಾಡಿದ ಮೂರು ನಾಲ್ಕು ಗಂಟೆಗಳ ಹರಕುಮುರುಕು ನಿದ್ದೆ ಮಾತ್ರ.

ನಿದ್ದೆಗೇಡಿನ ಪರಿಣಾಮವನ್ನು ಅಳೆಯಬಹುದೆ? ಆಸ್ಟ್ರೇಲಿಯದ ಡಾಸನ್ ಮತ್ತು ರೀಡ್ ಎಂಬ ಸಂಶೋಧಕರು 1997ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಇಂತಹ ಅಳತೆಯೊಂದನ್ನು ಪ್ರಕಟಿಸಿದರು. ಕಣ್ಣು ಕೈಗಳ ಹೊಂದಾಣಿಕೆಯನ್ನು ಬೇಡುವ ಪರೀಕ್ಷೆಯೊಂದರಲ್ಲಿ, ಸತತವಾಗಿ 17 ಗಂಟೆ ಎಚ್ಚರವಿದ್ದವರ ಸಾಮರ್ಥ್ಯವು ರಕ್ತದಲ್ಲಿ ಶೇಕಡ 0.05ರಷ್ಟು ಮದ್ಯಸಾರವಿದ್ದವರ ಮಟ್ಟಕ್ಕೆ ಇಳಿದಿತ್ತು. ಎಚ್ಚರ 24 ಗಂಟೆಗಳಷ್ಟಾದಾಗ ಅದು ಸುಮಾರು ಶೇಕಡ 0.10ರ ಮಟ್ಟವನ್ನು ಮುಟ್ಟಿತ್ತು. ನಮ್ಮ ದೇಶದಲ್ಲಿ ವಾಹನ ನಡೆಸುವವರಿಗೆ ಕಾನೂನು ವಿಧಿಸಿರುವ ಮಿತಿ ಶೇಕಡ 0.03, ಜರ್ಮನಿಯಲ್ಲಿ ಸಾಮಾನ್ಯವಾಗಿ ಶೇಕಡ 0.05. ಕುಡಿದವನನ್ನು ಪೊಲೀಸರ ಉಪಕರಣ ಕಂಡುಹಿಡಿಯುತ್ತದೆ. ನಿದ್ದೆಗೆಟ್ಟವನನ್ನು ಹಾಗೆ ಹಿಡಿದು ನಿಲ್ಲಿಸುವ ಉಪಕರಣ ರಸ್ತೆಯಲ್ಲಿಲ್ಲ. ಅವನನ್ನು ಅವನೇ ತಡೆಯಬೇಕು.

ದೇಹದ ಗಡಿಯಾರ

ನಿದ್ದೆಯ ಸಾಲವೊಂದೇ ಆಗಿದ್ದರೆ ಲೆಕ್ಕ ಸುಲಭವಾಗುತ್ತಿತ್ತು. ಅದರ ಜೊತೆಗೆ ದೇಹದಲ್ಲಿ ಒಂದು ಗಡಿಯಾರವೂ ನಡೆಯುತ್ತಿರುತ್ತದೆ. 1729ರಲ್ಲಿ ಫ್ರಾನ್ಸಿನ ದ ಮೈರಾನ್ ಎಂಬಾತನು ಮುಟ್ಟಿದರೆ ಮುನಿಯಂತಹ ಒಂದು ಗಿಡವನ್ನು ಕತ್ತಲೆಯಲ್ಲಿಟ್ಟು ನೋಡಿದನು. ಬಿಸಿಲಿನ ಸುಳಿವಿಲ್ಲದಿದ್ದರೂ ಎಲೆಗಳು ಹಗಲಿನ ಹೊತ್ತಿಗೆ ಅರಳಿ ರಾತ್ರಿಯ ಹೊತ್ತಿಗೆ ಮುದುಡುತ್ತಿದ್ದುವು. ಮನುಷ್ಯನಲ್ಲಿ ಈ ಗಡಿಯಾರದ ಕೇಂದ್ರವು ಮಿದುಳಿನ ತಳಭಾಗದಲ್ಲಿ, ಎರಡು ಕಣ್ಣುಗಳ ನರಗಳು ಕೂಡಿ ಹಾಯುವ ಎಡೆಯ ಮೇಲ್ಗಡೆ, ಸುಮಾರು 20,000 ನರಕೋಶಗಳ ಪುಟ್ಟ ಗುಂಪಾಗಿದೆ. ಜೀವಕೋಶದೊಳಗೆ ಇಂತಹ ಗಡಿಯಾರ ನಡೆಯುವ ಬಗೆಯನ್ನು ಬಿಡಿಸಿ ತೋರಿಸಿದ ಹಾಲ್, ರಾಸ್‌ಬಾಷ್ ಮತ್ತು ಯಂಗ್ ಎಂಬ ಮೂವರಿಗೆ 2017ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು.

ಕೈಗಡಿಯಾರದ ಮುಳ್ಳನ್ನು ಕ್ಷಣದಲ್ಲಿ ತಿರುಗಿಸಬಹುದು. ದೇಹದ ಗಡಿಯಾರವಾದರೋ ದಿನಕ್ಕೆ ಸುಮಾರು ಒಂದು ಅಥವಾ ಒಂದೂವರೆ ಗಂಟೆಯಷ್ಟು ಮಾತ್ರ ಸರಿಯುತ್ತದೆ. ಆದುದರಿಂದ ಫ್ರಾಂಕ್‌ಫರ್ಟಿನಲ್ಲಿ ಬೆಳಗ್ಗೆ 9-30 ಆಗಿದ್ದರೂ ಪ್ರಯಾಣಿಕನ ದೇಹದಲ್ಲಿ ಮಧ್ಯಾಹ್ನ 2 ಗಂಟೆ. ಊಟದ ತರುವಾಯ ತರಗತಿಯಲ್ಲಿ ಕುಳಿತ ವಿದ್ಯಾರ್ಥಿಗೆ ಈ ಹೊತ್ತಿನ ಪರಿಚಯ ಚೆನ್ನಾಗಿ ಉಂಟು! ಸಂಜೆ ಅಲ್ಲಿ 8 ಗಂಟೆಯಾಗುವಾಗ ಅವನ ದೇಹದಲ್ಲಿ ನಡುರಾತ್ರಿ ಕಳೆದು ಅರ್ಧ ಗಂಟೆಯಾಗಿರುತ್ತದೆ.

ನಿಲ್ಲಲು ಬೇಕಾದ ದೂರ

ಈಗ ರಸ್ತೆಯ ಲೆಕ್ಕಕ್ಕೆ ಬರೋಣ. ಜರ್ಮನಿಯ ಚಾಲನ ಶಾಲೆಗಳಲ್ಲಿ ಒಂದು ಸುಲಭ ಸೂತ್ರವನ್ನು ಕಲಿಸುತ್ತಾರೆ. ಗಂಟೆಗೆ ಇಷ್ಟು ಕಿಲೋಮೀಟರೆಂಬ ವೇಗವನ್ನು ಹತ್ತರಿಂದ ಭಾಗಿಸಿ ಮೂರರಿಂದ ಗುಣಿಸಿದರೆ, ಅಪಾಯವನ್ನು ಕಂಡು ಬ್ರೇಕನ್ನು ಒತ್ತುವುದರೊಳಗೆ ಕಾರು ಕ್ರಮಿಸುವ ದೂರ ಮೀಟರುಗಳಲ್ಲಿ ಸಿಗುತ್ತದೆ. ಅದೇ ಭಾಗಲಬ್ಧವನ್ನು ಅದರಿಂದಲೇ ಗುಣಿಸಿದರೆ ಬ್ರೇಕು ಹಿಡಿದ ಮೇಲೆ ಕ್ರಮಿಸುವ ದೂರ. 50ರ ವೇಗದಲ್ಲಿ ಇವು 15 ಮತ್ತು 25, ಒಟ್ಟು 40 ಮೀಟರು. 130ರ ವೇಗದಲ್ಲಿ 39 ಮತ್ತು 169, ಒಟ್ಟು 208 ಮೀಟರು! ಶಕ್ತಿಮೀರಿ ಬ್ರೇಕನ್ನು ಒತ್ತಿದರೆ ಎರಡನೆಯ ದೂರ ಅರ್ಧದಷ್ಟಾಗುವುದೆಂದು ಎಣಿಕೆ.

ಮೊದಲನೆಯ ದೂರ ವೇಗದಂತೆ ಬೆಳೆಯುತ್ತದೆ. ಎರಡನೆಯದು ವೇಗದ ವರ್ಗದಂತೆ. ಚಲನಶಕ್ತಿಯು ವೇಗದ ವರ್ಗಕ್ಕೆ ಅನುಪಾತದಲ್ಲಿದೆಯಷ್ಟೆ. ಅದನ್ನೆಲ್ಲ ಬ್ರೇಕಿನ ಘರ್ಷಣೆ ಉಷ್ಣವಾಗಿ ಮಾರ್ಪಡಿಸಬೇಕು.

ಮುಂದಿನ ವಾಹನದಿಂದ ಎಷ್ಟು ಅಂತರವಿರಬೇಕು? ಅಲ್ಲಿಯ ನಿಯಮ, ವೇಗಸೂಚಕ ತೋರಿಸುವ ಅಂಕೆಯ ಅರ್ಧದಷ್ಟು ಮೀಟರು. 130ಕ್ಕೆ 65 ಮೀಟರು. ಆ ವೇಗದಲ್ಲಿ ಕಾರು ಸೆಕೆಂಡಿಗೆ 36 ಮೀಟರು ಓಡುವುದರಿಂದ ಈ ಅಂತರದ ಬೆಲೆ 1.8 ಸೆಕೆಂಡು. ವೇಗ ಯಾವುದೇ ಆಗಿರಲಿ, ಈ ನಿಯಮ ಕೊಡುವ ಕಾಲ ಅಷ್ಟೇ. ವಾಚಕರು ಲೆಕ್ಕ ಮಾಡಿ ನೋಡಬಹುದು.

ನಿದ್ದೆಗೆಟ್ಟವರಿಗೆ ಒಮ್ಮೊಮ್ಮೆ ಕೆಲವು ಸೆಕೆಂಡುಗಳ ಕಿರುನಿದ್ದೆ ಕವಿಯುವುದುಂಟು. ಆಗ ಕಣ್ಣು ತೆರೆದೇ ಇರಬಹುದು; ನಿದ್ದೆ ಬಂದುಹೋದುದು ಅವರಿಗೆ ತಿಳಿಯದೆಯೂ ಇರಬಹುದು. ಅಂತಹ 3 ಸೆಕೆಂಡುಗಳಲ್ಲಿ ಕಾರು 108 ಮೀಟರು ಓಡಿರುತ್ತದೆ. ಕೈಯಲ್ಲಿದ್ದ ಅಂತರವಾದರೋ 65 ಮೀಟರು!

ಅಳತೆಪಟ್ಟಿಯ ಪ್ರಯೋಗ

ಮನೆಯಲ್ಲಿಯೇ ಮಾಡಬಹುದಾದ ಒಂದು ಪ್ರಯೋಗವುಂಟು. 30 ಸೆಂಟಿಮೀಟರಿನ ಅಳತೆಪಟ್ಟಿಯ ತುದಿಯನ್ನು ಗೆಳೆಯನೊಬ್ಬನು ಹಿಡಿದು ಇಳಿಬಿಡಲಿ. ಸೊನ್ನೆಯ ಗುರುತು ನಿಮ್ಮ ಹೆಬ್ಬೆರಳು ತೋರುಬೆರಳುಗಳ ನಡುವೆ ಇರಲಿ. ಅವನು ಸೂಚನೆ ಕೊಡದೆ ಕೈಬಿಟ್ಟಾಗ ನೀವು ಹಿಡಿಯಬೇಕು. 20 ಸೆಂಟಿಮೀಟರು ಬೀಳಲು ಪಟ್ಟಿಗೆ 0.20 ಸೆಕೆಂಡು ಬೇಕು. ಪೂರ್ತಿ ಜಾರಿಹೋಗಲು ಸುಮಾರು 0.25 ಸೆಕೆಂಡು.

ಚೆನ್ನಾಗಿ ನಿದ್ದೆ ಮಾಡಿ ಎದ್ದ ದಿನ ಇಪ್ಪತ್ತು ಸಲ ಹೀಗೆ ಮಾಡಿ ಬರೆದಿಡಿ. ಇದಕ್ಕಾಗಿ ಬೇಕೆಂದೇ ನಿದ್ದೆಗೆಡುವುದು ಬೇಡ. ರಾತ್ರಿಯೆಲ್ಲ ಯಕ್ಷಗಾನ ನೋಡಿಯೋ ಮದುವೆಮನೆಯಲ್ಲಿ ಓಡಾಡಿಯೋ ಬಂದ ಬೆಳಗ್ಗೆ ಮತ್ತೆ ಇಪ್ಪತ್ತು ಸಲ ಮಾಡಿ. ಹಿಡಿದ ಸಲಗಳ ಸರಾಸರಿಯಲ್ಲಿ ಹೆಚ್ಚು ವ್ಯತ್ಯಾಸ ಕಾಣದಿರಬಹುದು. ಪಟ್ಟಿ ಕೈಗೆ ಸಿಕ್ಕದೆ ಜಾರಿಹೋದ ಸಲಗಳನ್ನು ಬೇರೆಯಾಗಿ ಎಣಿಸಿರಿ. ನಿದ್ದೆಗೇಡು ಮುಖ್ಯವಾಗಿ ಕೆಡಿಸುವುದು ಸರಾಸರಿಯನ್ನಲ್ಲ. ಆಗಾಗ ಒಂದು ಸಲ ಗಮನವನ್ನೇ ಕಸಿಯುತ್ತದೆ. ದಣಿದ ಚಾಲಕನು ತಾನು ಚೆನ್ನಾಗಿಯೇ ಇದ್ದೇನೆಂದು ಭಾವಿಸುವುದು ಇದರಿಂದಲೇ. ಸಾವಿರ ಕ್ಷಣಗಳಲ್ಲಿ ಒಂಬೈನೂರ ತೊಂಬತ್ತೊಂಬತ್ತು ಕ್ಷಣ ಅವನ ಎಣಿಕೆ ಸರಿ. ಅಪಘಾತಕ್ಕೆ ಉಳಿದ ಒಂದು ಸಾಕು.

ಎಡಬಲಗಳ ತೊಡಕು

ನಮ್ಮ ರೂಢಿ ರಸ್ತೆಯ ಎಡಬದಿ, ಜರ್ಮನಿಯದು ಬಲಬದಿ. ಚಾಲಕನ ಪೀಠ ಎಡಕ್ಕೆ ಬರುತ್ತದೆ. ಗೇರು ಬಲಗೈಗೆ ಸಿಕ್ಕುತ್ತದೆ. ನಮ್ಮ ಬಹುತೇಕ ಕಾರುಗಳಲ್ಲಿ ಸ್ಟೇರಿಂಗಿನ ಬಲಕ್ಕಿರುವ ಇಂಡಿಕೇಟರು ಅಲ್ಲಿ ಎಡಕ್ಕಿರುತ್ತದೆ. ತಿರುವಿನ ಸೂಚನೆ ಕೊಡಹೋದರೆ ಗಾಜೊರಸುವ ವೈಪರು ಆಡತೊಡಗುತ್ತದೆ! ರೂಢಿಯನ್ನು ಅಡಗಿಸಿಡಲು ಎಚ್ಚರವಾದ ಮಿದುಳು ಬೇಕು. ದಣಿದಾಗ ಕೈಗಳು ಹಳೆಯ ದಾರಿಯನ್ನೇ ಹಿಡಿಯುತ್ತವೆ. ಮಾರ್ಗದರ್ಶನಕ್ಕೆ ಬೇರೆ ವಾಹನಗಳಿಲ್ಲದ ನಿರ್ಜನ ರಸ್ತೆಗೆ ತಿರುಗುವಾಗ ಇದು ವಿಶೇಷವಾಗಿ ಅಪಾಯಕರ. ಸ್ವೀಡನ್ ದೇಶವು ಎಡಬದಿಯಿಂದ ಬಲಬದಿಗೆ ಬದಲಾಯಿಸಲು 1963ರಲ್ಲಿ ನಿರ್ಧರಿಸಿ, ನಾಲ್ಕು ವರ್ಷಗಳ ಸಿದ್ಧತೆಯ ನಂತರ 1967ರ ಸೆಪ್ಟೆಂಬರ್ 3ರಂದು ಅದನ್ನು ಜಾರಿಗೆ ತಂದಿತು. ನಮ್ಮ ಪ್ರಯಾಣಿಕನು ಅದೇ ಬದಲಾವಣೆಯನ್ನು ಅರ್ಧ ಗಂಟೆಯಲ್ಲಿ, ನಿದ್ದೆಗಣ್ಣಿನಲ್ಲಿ ಮಾಡಹೊರಟಿದ್ದಾನೆ.

ಏನು ಮಾಡಬೇಕು?

ಉತ್ತರ ಸರಳವಾದುದು. ಮೊದಲನೆಯ ದಿನ ಕಾರನ್ನು ಪಡೆಯಬಾರದು. ಫ್ರಾಂಕ್‌ಫರ್ಟ್ ವಿಮಾನನಿಲ್ದಾಣದಲ್ಲಿಯೇ ರೈಲುನಿಲ್ದಾಣಗಳಿವೆ. ರೈಲಿನಲ್ಲಿ ಊರು ಸೇರಿ, ಹಗಲು ಬೆಳಕಿನಲ್ಲಿ ಸ್ವಲ್ಪ ಅಡ್ಡಾಡಿ, ರಾತ್ರಿ ಹಾಸಿಗೆಯಲ್ಲಿ ಮಲಗಿ ನಿದ್ದೆಯ ಸಾಲವನ್ನು ತೀರಿಸಬೇಕು. ಮರುದಿನ ನಗರದಲ್ಲಿಯೇ ಕಾರನ್ನು ಪಡೆಯಬಹುದು. ಮುಂಗಡವಾಗಿ ಗೊತ್ತುಮಾಡುವಾಗಲೇ ದಿನಾಂಕವನ್ನು ಹೀಗೆ ನಮೂದಿಸಿದರೆ ಒಂದು ದಿನದ ಬಾಡಿಗೆಯೂ ಉಳಿಯುತ್ತದೆ. ನಮ್ಮ ಪ್ರಾದೇಶಿಕ ಸಾರಿಗೆ ಕಛೇರಿ ಕೊಡುವ ಅಂತರರಾಷ್ಟ್ರೀಯ ಚಾಲನ ಪರವಾನಗಿಯ ಅವಧಿ ಒಂದು ವರ್ಷ. ಅದರೊಡನೆ ಮೂಲ ಪರವಾನಗಿಯೂ ಕೈಯಲ್ಲಿರಬೇಕು. ಕಾರು ಹೊರಡುವ ಮುನ್ನ ಕನ್ನಡಿ, ದೀಪ, ಬ್ರೇಕುಗಳ ಪರಿಚಯ ಮಾಡಿಕೊಂಡು, ಹೆದ್ದಾರಿಗೆ ಇಳಿಯದೆ ಸದ್ದಿಲ್ಲದ ಬೀದಿಗಳಲ್ಲಿ ಕೆಲಹೊತ್ತು ನಡೆಸಿ ನೋಡುವುದು ಮೇಲು.

ದಾರಿಯಲ್ಲಿ ತೂಕಡಿಕೆ ಬಂದರೆ? ಕಿಟಕಿ ತೆರೆಯುವುದಾಗಲಿ ಹಾಡು ಕೇಳುವುದಾಗಲಿ ನಿದ್ದೆಯನ್ನು ಓಡಿಸಲಾರದು. ಹೆದ್ದಾರಿಯ ತಂಗುದಾಣದಲ್ಲಿ ನಿಲ್ಲಿಸಿ, ಕಾಫಿ ಕುಡಿದು, ಹದಿನೈದು ಇಪ್ಪತ್ತು ನಿಮಿಷ ಮಲಗಿದರೆ ಸ್ವಲ್ಪಕಾಲ ಪ್ರಯೋಜನವಾಗುತ್ತದೆ. ಕಾಫಿಯ ಗುಣ ತಲೆಗೇರಲು ಸುಮಾರು ಅಷ್ಟೇ ಹೊತ್ತು ಹಿಡಿಯುವುದು. ಇದು ತಾತ್ಕಾಲಿಕ ಪರಿಹಾರವೇ ಹೊರತು ನಿದ್ದೆಗೆ ಬದಲಲ್ಲ.

ಈ ಲೆಕ್ಕವು ಪರದೇಶಕ್ಕೆ ಮಾತ್ರ ಮೀಸಲಲ್ಲ. ಮಗನನ್ನು ಬೀಳ್ಕೊಟ್ಟು ನಸುಕಿನಲ್ಲಿ ದೇವನಹಳ್ಳಿಯಿಂದ ಹಾಸನಕ್ಕೆ ಕಾರು ನಡೆಸಿಕೊಂಡು ಹಿಂದಿರುಗುವ ತಂದೆಯೂ ಆ ಹೊತ್ತಿಗೆ ಇಪ್ಪತ್ತು ಗಂಟೆಗಳಿಂದ ಎಚ್ಚರವಾಗಿಯೇ ಇದ್ದಾನೆ. ಅವನಿಗೂ ಮೊದಲು ಬೇಕಾದುದು ನಿದ್ದೆ, ರಸ್ತೆ ಆಮೇಲೆ.