ಗೊತ್ತಿರುವ ಊರಿನಿಂದ ಗೊತ್ತಿಲ್ಲದ ಇಂಗ್ಲಿಷ್‌ಗೆ

ಎಸ್ಸೆಸ್ಸೆಲ್ಸಿ ಫಲಿತಾಂಶದ ಪಟ್ಟಿಯಲ್ಲಿ ತುಮಕೂರಿಗೆ ಎರಡು ಸಾಲು. ಕಂದಾಯದ ಲೆಕ್ಕದಲ್ಲಿ ಒಂದೇ ಜಿಲ್ಲೆಯಾದರೂ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳು ಮಧುಗಿರಿ ಶೈಕ್ಷಣಿಕ ಜಿಲ್ಲೆಯಾಗಿ ಬೇರೆಯೇ ನಿಲ್ಲುತ್ತವೆ. ಆ ಸಾಲು ಮೇಲೇರಬೇಕೆಂಬ ಆತಂಕದಲ್ಲಿ ವಿಶೇಷ ತರಗತಿ, ಪಾಸಿಂಗ್ ಪ್ಯಾಕೇಜ್, ಸರಣಿ ಪರೀಕ್ಷೆಗಳು ನಡೆಯುತ್ತವೆ. ಇಂಗ್ಲಿಷ್ ವಿಷಯಕ್ಕೆ ಬಂದರೆ ಈ ತಯಾರಿಯ ಬಹುಪಾಲು ಬಾಯಿಪಾಠ: ಪದ್ಯದ ಸಾಲು, ಪತ್ರದ ನಮೂನೆ, ಪಾಠದ ಕೊನೆಯ ಪ್ರಶ್ನೋತ್ತರ. ಮೊದಲು ಓದಿರದ ಗದ್ಯ ಕೊಟ್ಟು ಪ್ರಶ್ನೆ ಕೇಳುವ ‘ಅನ್‌ಸೀನ್ ಪ್ಯಾಸೇಜ್’ ಮಾತ್ರ ಅಭ್ಯಾಸವಿಲ್ಲದೆ ಉಳಿದುಬಿಡುತ್ತದೆ, ಏಕೆಂದರೆ ಬಾಯಿಪಾಠ ಮಾಡಲು ಅಲ್ಲಿ ಏನೂ ಇಲ್ಲ. ಆದರೆ ಅದಕ್ಕೂ ತಯಾರಿ ಸಾಧ್ಯ. ಆ ತಯಾರಿ ಶುರುವಾಗಬೇಕಾದ್ದು ಈ ನಾಲ್ಕು ತಾಲ್ಲೂಕಿನ ಮಕ್ಕಳಿಗೆ ಈಗಾಗಲೇ ಗೊತ್ತಿರುವ ಸಂಗತಿಗಳಿಂದ, ಮತ್ತು ಅದರಲ್ಲಿ ಕಣ್ಣಿನಷ್ಟೇ ಕೆಲಸ ಕಿವಿಗೂ ಇರಬೇಕು.

ಅನ್‌ಸೀನ್ ಪ್ಯಾಸೇಜ್‌ಗೆ ಸಿಗುವುದು ಬೆರಳೆಣಿಕೆಯ ಅಂಕ, ಅದಕ್ಕೆ ಇಷ್ಟೆಲ್ಲ ಏಕೆ ಎಂದು ಶಿಕ್ಷಕರೂ ಪೋಷಕರೂ ಕೇಳುತ್ತಾರೆ. ಪ್ರಶ್ನೆ ನ್ಯಾಯವಾದದ್ದೇ. ಕನ್ನಡ ಮಾಧ್ಯಮದ ಹೆಚ್ಚಿನ ಮಕ್ಕಳಿಗೆ ದ್ವಿತೀಯ ಭಾಷೆಯಾದ ಇಂಗ್ಲಿಷ್‌ನಲ್ಲಿ ಲಿಖಿತ ಪರೀಕ್ಷೆ 80 ಅಂಕಕ್ಕೆ, ಆಂತರಿಕ ಮೌಲ್ಯಮಾಪನ 20ಕ್ಕೆ. ಆದರೆ ಆ 80 ಅಂಕದ ಪತ್ರಿಕೆ ಆರಂಭದಿಂದ ಕೊನೆಯವರೆಗೆ ಇಂಗ್ಲಿಷ್‌ನಲ್ಲೇ ಇರುತ್ತದೆ. ಪ್ರಶ್ನೆ ಏನು ಕೇಳುತ್ತಿದೆ ಎಂದು ತಿಳಿಯದ ವಿದ್ಯಾರ್ಥಿ ಕಲಿತ ಉತ್ತರವನ್ನೂ ತಪ್ಪು ಜಾಗದಲ್ಲಿ ಬರೆಯುತ್ತಾನೆ. ಪಿಯುಸಿಗೆ ಹೋದ ಮೇಲೆ ಇಂಗ್ಲಿಷ್ ಪತ್ರಿಕೆಯಲ್ಲಿ ಮತ್ತೆ ಅಪರಿಚಿತ ಗದ್ಯ ಬರುತ್ತದೆ. ವಿಜ್ಞಾನ ಆರಿಸಿಕೊಂಡವರಿಗೆ ಭೌತಶಾಸ್ತ್ರದ ಪ್ರತಿ ಪುಟವೂ ಅಪರಿಚಿತ ಗದ್ಯವೇ. ಮುಂದೆ ಬ್ಯಾಂಕ್ ನೇಮಕಾತಿಯ ಇಂಗ್ಲಿಷ್ ವಿಭಾಗವಿದೆ, ಕೆಎಎಸ್ ಮುಖ್ಯ ಪರೀಕ್ಷೆಯ ಇಂಗ್ಲಿಷ್ ಅರ್ಹತಾ ಪತ್ರಿಕೆಯಿದೆ, ನರ್ಸಿಂಗ್ ಮುಗಿಸಿ ವಿದೇಶಕ್ಕೆ ಹೊರಟವರಿಗೆ ಐಇಎಲ್‌ಟಿಎಸ್ ಅಥವಾ ಒಇಟಿ ಇದೆ. ಹತ್ತನೇ ತರಗತಿಯ ಆ ಕೆಲವು ಅಂಕಗಳ ಹಿಂದಿರುವ ಸಾಮರ್ಥ್ಯವನ್ನೇ ಈ ಎಲ್ಲ ಪರೀಕ್ಷೆಗಳೂ ಅಳೆಯುತ್ತವೆ.

ಬಾಯಿಪಾಠದ ಮಿತಿಗೆ ಪುರಾವೆ ನಮ್ಮ ರಾಜ್ಯದ ಅಂಕಿಗಳಲ್ಲೇ ಇದೆ. 2023ರಲ್ಲಿ ಎಸ್ಸೆಸ್ಸೆಲ್ಸಿ ಉತ್ತೀರ್ಣರ ಪ್ರಮಾಣ ಶೇ 83.89. ಪರೀಕ್ಷಾ ಕೊಠಡಿಗಳಿಗೆ ವೆಬ್‌ಕಾಸ್ಟಿಂಗ್ ಕಣ್ಗಾವಲು ಬಂದ 2024ರಲ್ಲಿ, ಕೃಪಾಂಕವನ್ನು ಶೇ 20ಕ್ಕೆ ಏರಿಸಿದ ಮೇಲೂ, ಅದು ಶೇ 73.40ಕ್ಕೆ ಇಳಿಯಿತು. ಹಿಂದಿನ ಅಂಕಗಳಲ್ಲಿ ಮಗುವಿನ ಸ್ವಂತ ಬಲಕ್ಕಿಂತ ಹೊರಗಿನ ಆಸರೆ ಎಷ್ಟಿತ್ತು ಎಂಬ ಅನುಮಾನ ಇದರಿಂದ ಹುಟ್ಟುತ್ತದೆ. ಸರ್ಕಾರಿ ಶಾಲೆಗಳಲ್ಲಿ 2007-08ರಿಂದ ಒಂದನೇ ತರಗತಿಯಲ್ಲೇ ಇಂಗ್ಲಿಷ್ ಕಲಿಸಲಾಗುತ್ತಿದೆ. ಹತ್ತು ವರ್ಷ ಕಲಿತ ಭಾಷೆಯಲ್ಲಿ ನೂರು ಪದಗಳ ಹೊಸ ಗದ್ಯ ಅರ್ಥವಾಗುವುದಿಲ್ಲ ಎಂದರೆ ಕೊರತೆ ಮಗುವಿನ ಬುದ್ಧಿಯದಲ್ಲ, ಅಭ್ಯಾಸದ ಬಗೆಯದು.

ಓದಿನ ಸಂಶೋಧನೆ ಇಲ್ಲಿ ನೆರವಿಗೆ ಬರುತ್ತದೆ. ಗಫ್ ಮತ್ತು ಟನ್ಮರ್ 1986ರಲ್ಲಿ ಮುಂದಿಟ್ಟ ಸರಳ ಸೂತ್ರದ ಪ್ರಕಾರ, ಓದಿ ಅರ್ಥಮಾಡಿಕೊಳ್ಳುವ ಶಕ್ತಿಯೆಂದರೆ ಅಕ್ಷರ ಬಿಡಿಸುವ ಶಕ್ತಿ ಮತ್ತು ಮಾತು ಅರ್ಥವಾಗುವ ಶಕ್ತಿ ಇವೆರಡರ ಗುಣಲಬ್ಧ. ಅದು ಮೊತ್ತವಲ್ಲ, ಒಂದು ಸೊನ್ನೆಯಾದರೆ ಫಲವೂ ಸೊನ್ನೆ. ಪಾಠವನ್ನು ಗಟ್ಟಿಯಾಗಿ ಸರಾಗ ಓದುವ ಮಗು ‘ಏನು ಹೇಳಿದೆ ಇಲ್ಲಿ?’ ಎಂದಾಗ ಸುಮ್ಮನಾಗುವುದಕ್ಕೆ ಕಾರಣ ಇದು. ಇನ್ನೊಂದು ಪ್ರಯೋಗ ನಮ್ಮ ಮಕ್ಕಳಿಗೆ ಇನ್ನೂ ಹತ್ತಿರದ್ದು. 1988ರಲ್ಲಿ ರೆಕ್ಟ್ ಮತ್ತು ಲೆಸ್ಲಿ ಎಂಬ ಅಮೆರಿಕದ ಸಂಶೋಧಕಿಯರು 64 ವಿದ್ಯಾರ್ಥಿಗಳಿಗೆ ಬೇಸ್‌ಬಾಲ್ ಪಂದ್ಯದ ವಿವರಣೆಯನ್ನು ಓದಲು ಕೊಟ್ಟರು. ಓದಿನಲ್ಲಿ ಹಿಂದಿದ್ದರೂ ಆಟ ಬಲ್ಲ ಮಕ್ಕಳು, ಓದಿನಲ್ಲಿ ಮುಂದಿದ್ದು ಆಟ ತಿಳಿಯದ ಮಕ್ಕಳಿಗಿಂತ ಚೆನ್ನಾಗಿ ಅದನ್ನು ಅರ್ಥಮಾಡಿಕೊಂಡರು. ಪದ ತಿಳಿಯದ ಜಾಗದಲ್ಲಿ ವಿಷಯಜ್ಞಾನ ಸೇತುವೆಯಾಯಿತು.

ಹಾಗಾದರೆ ಪಾವಗಡದ ಮಗುವಿಗೆ ಏನು ಗೊತ್ತು? ತಿರುಮಣಿ ಸುತ್ತಿನ ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟ್ ಸಾಮರ್ಥ್ಯದ ಸೋಲಾರ್ ಪಾರ್ಕ್ ಬಂದಿರುವುದು, ಅದಕ್ಕೆ ರೈತರು ಜಮೀನು ಮಾರದೆ ಗುತ್ತಿಗೆಗೆ ಕೊಟ್ಟಿರುವುದು, ಬೋರ್‌ವೆಲ್ ನೀರಿನ ಫ್ಲೋರೈಡ್, ಮಳೆ ಕೈಕೊಟ್ಟ ವರ್ಷದ ಶೇಂಗಾ. ಶಿರಾದ ಮಗುವಿಗೆ ಕಗ್ಗಲಡುವಿನ ಹುಣಸೆಮರಗಳಲ್ಲಿ ಗೂಡು ಕಟ್ಟುವ ಬಣ್ಣದ ಕೊಕ್ಕರೆ ಗೊತ್ತು. ಮಧುಗಿರಿಯವರಿಗೆ ಏಕಶಿಲಾ ಬೆಟ್ಟದ ಕೋಟೆ, ಮೈದನಹಳ್ಳಿಯ ಕೃಷ್ಣಮೃಗ. ಕೊರಟಗೆರೆಯವರಿಗೆ ಸಿದ್ಧರಬೆಟ್ಟ, ಗೊರವನಹಳ್ಳಿ, ಜಯಮಂಗಲಿ ನದಿ. ಸೌರಶಕ್ತಿ, ಕುಡಿಯುವ ನೀರು, ವಲಸೆ, ವನ್ಯಜೀವಿ, ಸ್ಮಾರಕ: ಪರೀಕ್ಷೆಯ ಗದ್ಯಭಾಗಗಳು ಮತ್ತೆ ಮತ್ತೆ ಆರಿಸಿಕೊಳ್ಳುವ ವಿಷಯಗಳೂ ಇವೇ. ಆದ್ದರಿಂದ ಮೊದಲ ಹೆಜ್ಜೆ, ಇಂಥ ಪರಿಚಿತ ಸಂಗತಿಗಳ ಬಗ್ಗೆ ಸರಳ ಇಂಗ್ಲಿಷ್‌ನಲ್ಲಿರುವ 100ರಿಂದ 150 ಪದಗಳ ತುಣುಕುಗಳನ್ನು ಕೂಡಿಡುವುದು. ಒಂದೇ ಸುದ್ದಿಯನ್ನು ಮೊದಲು ‘ಪ್ರಜಾವಾಣಿ’ಯಲ್ಲೂ ಆಮೇಲೆ ಅದೇ ಸಂಸ್ಥೆಯ ‘ಡೆಕ್ಕನ್ ಹೆರಾಲ್ಡ್’ನಲ್ಲೂ ಓದಬಹುದು. ಕನ್ನಡದಲ್ಲಿ ಓದಿದ್ದು ವ್ಯರ್ಥವಲ್ಲ, ಇಂಗ್ಲಿಷ್ ಓದಿಗೆ ಹಾಕಿದ ಅಡಿಪಾಯ ಅದು. ಪತ್ರಿಕೆಯ ಇಂಗ್ಲಿಷ್ ಕಷ್ಟವೆನಿಸಿದರೆ ಪ್ರಥಮ್ ಬುಕ್ಸ್‌ನ ಸ್ಟೋರಿವೀವರ್ ತಾಣದಲ್ಲಿ ಮಟ್ಟಕ್ಕೆ ತಕ್ಕಂತೆ ವಿಂಗಡಿಸಿದ ಕಥೆಗಳು ಕನ್ನಡ, ಇಂಗ್ಲಿಷ್ ಎರಡರಲ್ಲೂ ಉಚಿತವಾಗಿ ಸಿಗುತ್ತವೆ.

ತುಣುಕು ತಕ್ಕ ಮಟ್ಟದ್ದೇ ಎಂದು ತಿಳಿಯಲು ಒಂದು ಅಳತೆಯಿದೆ. ಯಾರ ನೆರವೂ ಇಲ್ಲದೆ ಒಂದು ಬರಹ ಅರ್ಥವಾಗಬೇಕಾದರೆ ಅದರ ಶೇ 98ರಷ್ಟು ಪದಗಳು ತಿಳಿದಿರಬೇಕು ಎಂದು ಹೂ ಮತ್ತು ನೇಷನ್ ಅವರ 2000ದ ಅಧ್ಯಯನ ತೋರಿಸಿತು. ನೂರು ಪದಕ್ಕೆ ಎರಡಷ್ಟೇ ಹೊಸತು. ಕಲಿಯುವವರು ಐದರವರೆಗೆ ಹೋಗಬಹುದು. ಹತ್ತು ದಾಟಿದರೆ ಆ ತುಣುಕನ್ನು ಬದಿಗಿಟ್ಟು ಸುಲಭವಾದದ್ದನ್ನು ತೆಗೆದುಕೊಳ್ಳಿ. ಹತ್ತನೆಯವರು ಆರನೇ ತರಗತಿಯ ಪುಸ್ತಕ ಹಿಡಿಯುವುದು ಅವಮಾನವಲ್ಲ. ಅರ್ಥವಾಗದ ಪುಟವನ್ನು ದಿನವೂ ನೋಡುತ್ತ ಕೂರುವುದರಿಂದಲೇ ಇಂಗ್ಲಿಷ್‌ನ ಭಯ ಬಲಿಯುತ್ತದೆ.

ಇನ್ನು ಓದುವ ಕ್ರಮ. ಮೊದಲ ಸಲ ಪೆನ್ನು ಮುಟ್ಟದೆ, ನಿಘಂಟು ತೆರೆಯದೆ ಕೊನೆಯವರೆಗೆ ಓದಿ, ಇಡೀ ತುಣುಕಿನ ಸಾರವನ್ನು ಒಂದೇ ವಾಕ್ಯದಲ್ಲಿ ಮನೆಮಾತಿನಲ್ಲಿ ಹೇಳಬೇಕು. ಪಾವಗಡದ, ಮಧುಗಿರಿಯ ಎಷ್ಟೋ ಮನೆಗಳಲ್ಲಿ ಮಾತು ತೆಲುಗು. ಹೇಳುವುದು ತೆಲುಗಿನಲ್ಲಾದರೂ ಅಡ್ಡಿಯಿಲ್ಲ. ಎರಡನೇ ಸಲ ಪ್ರತಿ ಉದ್ದನೆಯ ವಾಕ್ಯದಲ್ಲೂ ‘ಯಾರು, ಏನು ಮಾಡಿದರು’ ಎಂಬುದಕ್ಕೆ ಗೆರೆ ಎಳೆಯಬೇಕು. ಇದು ಕನ್ನಡದವರಿಗೆ ಮುಖ್ಯ. ‘ಜಮೀನು ಗುತ್ತಿಗೆಗೆ ಕೊಟ್ಟ ರೈತರಿಗೆ ವರ್ಷವರ್ಷವೂ ಬಾಡಿಗೆ ಸಿಗುತ್ತದೆ’ ಎನ್ನುವಾಗ ನಮ್ಮಲ್ಲಿ ವಿವರಣೆ ಮೊದಲು, ರೈತರು ಆಮೇಲೆ, ಕ್ರಿಯಾಪದ ಕೊನೆಗೆ. ಇಂಗ್ಲಿಷ್‌ನಲ್ಲಿ ರೈತರು ಮೊದಲು ಬಂದು ವಿವರಣೆ ನಡುವೆ ನುಗ್ಗುತ್ತದೆ, ಮುಖ್ಯ ಕ್ರಿಯಾಪದ ಅದರಾಚೆ ಕೂರುತ್ತದೆ. ನಡುವಿನ ಆ ತುಂಡನ್ನು ಕಂಸದೊಳಗೆ ಹಾಕಿ ಓದಿದರೆ ವಾಕ್ಯ ತಾನಾಗಿ ಬಿಡಿಸಿಕೊಳ್ಳುತ್ತದೆ. ಮೂರನೇ ಸಲ ಪ್ರಶ್ನೆಗಳನ್ನು ಓದಿ, ಉತ್ತರ ಬರೆಯುವ ಮೊದಲು ಅದಕ್ಕೆ ಆಧಾರವಾದ ಸಾಲಿನ ಸಂಖ್ಯೆಯನ್ನು ಪಕ್ಕದಲ್ಲಿ ಗುರುತಿಸಬೇಕು. ಆಧಾರ ಸಾಲು ಸಿಗದಿದ್ದರೆ ಉತ್ತರ ಬಂದಿರುವುದು ಗದ್ಯದಿಂದಲ್ಲ, ನಮ್ಮ ಊಹೆಯಿಂದ. ಪರಿಚಿತ ವಿಷಯದಲ್ಲಿ ಈ ಅಪಾಯ ಹೆಚ್ಚು. ಕೊಕ್ಕರೆ ಬಗ್ಗೆ ನಮಗೆ ಗೊತ್ತಿರುವುದನ್ನು ಬರೆದುಬಿಡುತ್ತೇವೆ, ಗದ್ಯ ಹೇಳಿದ್ದನ್ನಲ್ಲ. ಐಇಎಲ್‌ಟಿಎಸ್ ಓದಿನ ಪತ್ರಿಕೆ 60 ನಿಮಿಷದಲ್ಲಿ 40 ಪ್ರಶ್ನೆ ಕೇಳುತ್ತದೆ. ಅದರಲ್ಲಿ ‘ಸರಿ’, ‘ತಪ್ಪು’ ಎಂಬುದರ ಜೊತೆ ‘ಗದ್ಯದಲ್ಲಿ ಹೇಳಿಲ್ಲ’ ಎಂಬ ಮೂರನೇ ಆಯ್ಕೆಯೂ ಇರುವುದು ಈ ತಪ್ಪನ್ನು ಹಿಡಿಯಲೆಂದೇ. ಹತ್ತನೇ ತರಗತಿಯಲ್ಲೇ ಸಾಲು ತೋರಿಸುವ ರೂಢಿಯಾದರೆ ಮುಂದೆ ಅದು ಕಷ್ಟವೆನಿಸದು.

ಕೊನೆಯದಾಗಿ ಪುಸ್ತಕ ಮುಚ್ಚಿ, ನೆನಪಿರುವಷ್ಟನ್ನು ಮೂರು ಇಂಗ್ಲಿಷ್ ವಾಕ್ಯಗಳಲ್ಲಿ ಬರೆಯಬೇಕು. ರೋಡಿಗರ್ ಮತ್ತು ಕಾರ್ಪಿಕ್ ಅವರ 2006ರ ಪ್ರಯೋಗದಲ್ಲಿ, ಒಂದೇ ಬರಹವನ್ನು ಮತ್ತೆ ಮತ್ತೆ ಓದಿದವರು ಐದು ನಿಮಿಷದ ನಂತರದ ಪರೀಕ್ಷೆಯಲ್ಲಿ ಮುಂದಿದ್ದರು. ಓದಿ, ಮುಚ್ಚಿ, ನೆನಪಿಸಿಕೊಂಡು ಬರೆದವರು ಒಂದು ವಾರದ ನಂತರ ಮುಂದಿದ್ದರು. ಪರೀಕ್ಷೆಯ ಹಿಂದಿನ ರಾತ್ರಿ ಗೈಡ್ ಓದಿದಾಗ ಎಲ್ಲವೂ ಬರುತ್ತದೆಂಬ ಧೈರ್ಯ ಏಕೆ ಮೂಡುತ್ತದೆ, ಪಿಯುಸಿಗೆ ಹೋಗುವಷ್ಟರಲ್ಲಿ ಏಕೆ ಏನೂ ಉಳಿದಿರುವುದಿಲ್ಲ ಎಂಬುದಕ್ಕೆ ಇಲ್ಲಿ ಉತ್ತರವಿದೆ.

ಕಿವಿಯ ವಿಷಯದಲ್ಲಿ ನಮ್ಮ ಶಾಲೆಗಳ ಉದಾಸೀನ ಇನ್ನೂ ಆಳವಾದದ್ದು. ಎಸ್ಸೆಸ್ಸೆಲ್ಸಿ ಲಿಖಿತ ಪತ್ರಿಕೆಯಲ್ಲಿ ಆಲಿಸುವಿಕೆಗೆ ಅಂಕವಿಲ್ಲ, ಆದ್ದರಿಂದ ತರಗತಿಯಲ್ಲೂ ಜಾಗವಿಲ್ಲ. ಆದರೆ ಮೇಲಿನ ಸೂತ್ರವನ್ನು ಮತ್ತೊಮ್ಮೆ ನೋಡಿ: ಕೇಳಿ ಅರ್ಥವಾಗದ ಭಾಷೆ ಓದಿದಾಗಲೂ ಪೂರ್ತಿ ಅರ್ಥವಾಗದು. ಆಂತರಿಕ ಮೌಲ್ಯಮಾಪನದ ಚಟುವಟಿಕೆಗಳಲ್ಲಿ ತಿಂಗಳಿಗೊಮ್ಮೆಯಾದರೂ ಕೇಳಿ ಉತ್ತರಿಸುವ ಕೆಲಸವನ್ನು ಶಿಕ್ಷಕರು ಮಾಡಿಸಬೇಕೆಂದು ನನ್ನ ಬಲವಾದ ಒತ್ತಾಯ. ಕಿವಿಯ ಕಷ್ಟಕ್ಕೂ ಕಾರಣವಿದೆ. ಕನ್ನಡ, ತೆಲುಗು ಎರಡರಲ್ಲೂ ಪದಗಳು ಸಾಮಾನ್ಯವಾಗಿ ಸ್ವರದಲ್ಲಿ ಮುಗಿಯುತ್ತವೆ, ಹೆಚ್ಚುಕಡಿಮೆ ಪ್ರತಿ ಅಕ್ಷರಕ್ಕೂ ಸಮ ಕಾಲ ಸಿಗುತ್ತದೆ. ಇಂಗ್ಲಿಷ್ ಪದಗಳು ಎಷ್ಟೋ ಸಲ ವ್ಯಂಜನದಲ್ಲಿ ನಿಲ್ಲುತ್ತವೆ. ಒಂದು ಭಾಗ ಒತ್ತಾಗಿ, ಉಳಿದದ್ದು ನುಂಗಿದಂತೆ ಕೇಳುತ್ತದೆ. ಹಾಗಾಗಿ ‘ಕ್ಯಾನ್’ ಎಂದರೋ ‘ಕಾಂಟ್’ ಎಂದರೋ, ‘ಫಿಫ್ಟೀನ್’ ಎಂದರೋ ‘ಫಿಫ್ಟಿ’ ಎಂದರೋ ತಿಳಿಯುವುದಿಲ್ಲ. ವೇಗ ಕಡಿಮೆ ಮಾಡಿ ಕೇಳುವುದು ಆರಂಭಕ್ಕೆ ಮಾತ್ರ ಪರಿಹಾರ. ಒತ್ತು ಎಲ್ಲಿ ಬೀಳುತ್ತದೆ ಎಂದು ಗುರುತಿಸುವುದೇ ನಿಜವಾದ ಅಭ್ಯಾಸ.

ಇಲ್ಲಿಯೂ ಗೊತ್ತಿರುವುದರಿಂದಲೇ ಹೊರಡಬೇಕು. ಆಕಾಶವಾಣಿಯ ಕನ್ನಡ ವಾರ್ತೆ ಕೇಳಿ, ಅದೇ ದಿನದ ಇಂಗ್ಲಿಷ್ ವಾರ್ತೆ ಕೇಳಿ. ಸುದ್ದಿ ಮೊದಲೇ ತಿಳಿದಿರುವುದರಿಂದ ಮನಸ್ಸು ಭಾಷೆಯ ಮೇಲೆ ನಿಲ್ಲುತ್ತದೆ. ಎರಡು ನಿಮಿಷದ ತುಣುಕನ್ನು ಧ್ವನಿಮುದ್ರಿಸಿಕೊಂಡರೆ ಮೊದಲ ಸಲ ಯಾರು, ಎಲ್ಲಿ, ಏನು ಎಂಬುದಷ್ಟನ್ನೇ ಹಿಡಿಯಿರಿ. ಎರಡನೇ ಸಲ ಅಂಕಿ, ಹೆಸರು, ದಿನಾಂಕಗಳನ್ನು ಬರೆದುಕೊಳ್ಳಿ. ಮೂರನೇ ಸಲ ವಾಕ್ಯವಾಕ್ಯಕ್ಕೂ ನಿಲ್ಲಿಸಿ, ಕೇಳಿದ್ದನ್ನು ಅದೇ ಏರಿಳಿತದಲ್ಲಿ ಬಾಯಿಬಿಟ್ಟು ಹೇಳಿ. ಇಂಟರ್ನೆಟ್ ಇಲ್ಲದ ಮನೆಯಾದರೆ ಶಿಕ್ಷಕರೋ ಅಣ್ಣ-ಅಕ್ಕಂದಿರೋ ಪಠ್ಯದ ಒಂದು ಪ್ಯಾರಾವನ್ನು ಸಹಜ ವೇಗದಲ್ಲಿ ಓದಿ ಫೋನಿನಲ್ಲಿ ಮುದ್ರಿಸಿಕೊಟ್ಟರೆ ಸಾಕು. ಉಚ್ಚಾರ ಬಿಬಿಸಿಯಂತೆ ಇರಬೇಕಾಗಿಲ್ಲ. ಐಇಎಲ್‌ಟಿಎಸ್‌ಗೆ ಕೂರುವವರು ಮಾತ್ರ ಬ್ರಿಟನ್, ಆಸ್ಟ್ರೇಲಿಯಾ ಮುಂತಾದ ಕಡೆಯ ಉಚ್ಚಾರಗಳಿಗೂ ಕಿವಿ ಒಗ್ಗಿಸಿಕೊಳ್ಳಬೇಕು. ಅಲ್ಲಿ ನಾಲ್ಕು ಭಾಗ, 40 ಪ್ರಶ್ನೆ, ಪ್ರತಿ ಧ್ವನಿಯೂ ಒಂದೇ ಸಲ. ಪರೀಕ್ಷೆಗೆ ಮೊದಲಿನ ಎರಡು ವಾರ ಅಭ್ಯಾಸವೂ ಒಂದೇ ಸಲ ಕೇಳುವಂತಿರಲಿ. ಒಂದು ಉತ್ತರ ತಪ್ಪಿಹೋದರೆ ಅದನ್ನು ಅಲ್ಲೇ ಬಿಟ್ಟು ಮುಂದಿನ ಪ್ರಶ್ನೆಗೆ ಕಿವಿ ಕೊಡುವುದನ್ನು ಕಲಿಯಬೇಕು. ಕಳೆದುಕೊಂಡ ಒಂದರ ಹಿಂದೆ ಬಿದ್ದು ಮೂರು ಕಳೆದುಕೊಳ್ಳುವವರೇ ಹೆಚ್ಚು.

ಪಾಸಾಗುವುದೇ ಕಷ್ಟವಾಗಿರುವ ಮಗುವಿಗೆ ಇದೆಲ್ಲ ದೂರದ ಮಾತು, ಪಾಸಿಂಗ್ ಪ್ಯಾಕೇಜೇ ಅದನ್ನು ದಡ ಸೇರಿಸುವುದು ಎಂಬ ಆಕ್ಷೇಪವನ್ನು ನಾನು ತಳ್ಳಿಹಾಕುವುದಿಲ್ಲ. ಫೆಬ್ರುವರಿಯಲ್ಲಿ ಆ ಮಗುವಿಗೆ ಪತ್ರದ ನಮೂನೆ ಬೇಕೇ ಬೇಕು. ಆದರೆ ಜೂನ್‌ನಿಂದ ಫೆಬ್ರುವರಿಯವರೆಗೆ ದಿನಕ್ಕೆ ಹದಿನೈದು ನಿಮಿಷ ಓದು, ಹತ್ತು ನಿಮಿಷ ಆಲಿಸುವಿಕೆ ಇಟ್ಟುಕೊಳ್ಳುವುದಕ್ಕೆ ಪ್ಯಾಕೇಜ್ ಅಡ್ಡಿಯೇನಲ್ಲ. ವ್ಯಾಕರಣ ಗಟ್ಟಿಯಾಗದೆ ಓದು ಹೇಗೆ ಎನ್ನುವವರಿಗೂ ಇದೇ ಮಾತು: ಸರಳ ಗದ್ಯದಲ್ಲಿ ನೂರಾರು ಸಲ ಕಂಡ ಕ್ರಿಯಾಪದದ ರೂಪವೇ ನೆನಪಿನಲ್ಲಿ ಕೂರುತ್ತದೆ, ನಿಯಮ ಅದಕ್ಕೆ ಹೆಸರು ಕೊಡುತ್ತದೆ. ಪ್ರತಿ ಸಾಲನ್ನೂ ಕನ್ನಡಕ್ಕೆ ತಿರುಗಿಸಿ ಹೇಳುವ ಬೋಧನೆಯ ಬಗ್ಗೆ ಮಾತ್ರ ನನ್ನ ಅಭಿಪ್ರಾಯ ಖಚಿತ. ಕನ್ನಡದ ವಿವರಣೆ ಬೇಕು, ಆದರೆ ಮಗು ಮೊದಲು ತಾನೇ ಇಂಗ್ಲಿಷ್‌ನೊಂದಿಗೆ ಹೆಣಗಿದ ಮೇಲೆ. ವಿವರಣೆ ಮುಗಿದ ಬಳಿಕ ಮತ್ತೆ ಆ ಇಂಗ್ಲಿಷ್ ಸಾಲಿಗೇ ಮರಳಬೇಕು. ಮರಳದಿದ್ದರೆ ಮಗು ಕಲಿತದ್ದು ಕಥೆಯನ್ನಷ್ಟೇ.

ಪರೀಕ್ಷಾ ಕೊಠಡಿಯಲ್ಲಿ ಪ್ರಶ್ನೆಪತ್ರಿಕೆ ಓದಲೆಂದೇ ಕೊಡುವ 15 ನಿಮಿಷವನ್ನು ಬಾಯಿಪಾಠದ ಪದ್ಯ ನೆನಪಿಸಿಕೊಳ್ಳಲು ಬಳಸಬೇಡಿ. ಅನ್‌ಸೀನ್ ಪ್ಯಾಸೇಜ್‌ಗೆ ಹೋಗಿ, ಮೊದಲು ಅದರ ಪ್ರಶ್ನೆ, ಆಮೇಲೆ ಗದ್ಯ, ಮತ್ತೆ ಪ್ರಶ್ನೆ ಎಂಬ ಕ್ರಮದಲ್ಲಿ ಎರಡು ಸುತ್ತು ಓದಿ. ‘ವೈ’ ಎಂದು ಕೇಳಿದ್ದರೆ ಕಾರಣ, ‘ಹೌ’ ಎಂದಿದ್ದರೆ ವಿಧಾನ ಬರಬೇಕು. ಇಡೀ ಸಾಲನ್ನು ನಕಲು ಮಾಡಿದರೆ ಬೇಡದ ವಿವರವೂ ಸೇರಿ ಉತ್ತರ ಮಸುಕಾಗುತ್ತದೆ. ಬರೆಯಲು ಗಂಟೆ ಹೊಡೆದ ಮೇಲೆ ಉತ್ತರಪತ್ರಿಕೆಯಲ್ಲಿ ಈ ಭಾಗವನ್ನು ಮೊದಲ ಒಂದು ಗಂಟೆಯೊಳಗೆ, ಕೈ ಸೋಲುವ ಮೊದಲೇ ಮುಗಿಸಿ. ಪ್ರಬಂಧ, ಪತ್ರ ಆಮೇಲೆ ಬರಲಿ. ಅಭ್ಯಾಸಕ್ಕೆ ಕರ್ನಾಟಕ ಶಾಲಾ ಪರೀಕ್ಷೆ ಮತ್ತು ಮೌಲ್ಯನಿರ್ಣಯ ಮಂಡಳಿಯ ಜಾಲತಾಣದಲ್ಲಿ ಮಾದರಿ ಪ್ರಶ್ನೆಪತ್ರಿಕೆಗಳಿವೆ. ಅವುಗಳಿಂದ ಗದ್ಯಭಾಗಗಳನ್ನು ಮಾತ್ರ ಬೇರೆ ಮಾಡಿ, ವಾರಕ್ಕೊಂದರಂತೆ ಗಡಿಯಾರ ಇಟ್ಟುಕೊಂಡು ಬಿಡಿಸಿ, ತಪ್ಪಾದ ಪ್ರತಿ ಉತ್ತರದ ಮುಂದೆ ಕಾರಣ ಬರೆದಿಡಿ: ಪದ ತಿಳಿಯಲಿಲ್ಲವೋ, ವಾಕ್ಯ ಬಿಡಿಸಲಾಗಲಿಲ್ಲವೋ, ಪ್ರಶ್ನೆಯನ್ನೇ ತಪ್ಪಾಗಿ ಓದಿದ್ದೋ. ಯಾವ ಕಾರಣ ಹೆಚ್ಚು ಸಲ ಬರುತ್ತದೆಯೋ ಮುಂದಿನ ವಾರದ ಅಭ್ಯಾಸ ಅದರ ಮೇಲಿರಲಿ.