ಮನೆ ದುರಸ್ತಿ: ನೆರೆಹೊರೆಯವರ ಪ್ರಶ್ನೋತ್ತರ ಕೂಟ

ಮಹಾನಗರಗಳ ಬಹುಮಹಡಿ ಕಟ್ಟಡಗಳಲ್ಲಿ ವಾಸಿಸುವ ಕುಟುಂಬಗಳಿಗೆ ಮನೆಯ ದುರಸ್ತಿಯು ಕೇವಲ ತಮ್ಮ ನಾಲ್ಕು ಗೋಡೆಗಳೊಳಗಿನ ವಿಷಯವಾಗಿ ಉಳಿಯುವುದಿಲ್ಲ. ಒಬ್ಬರ ಬಚ್ಚಲುಮನೆಯ ನೆಲದ ಅಡಿಭಾಗವೇ ಮತ್ತೊಬ್ಬರ ಮನೆಯ ಛಾವಣಿಯಾಗಿರುತ್ತದೆ. ಮಳೆಗಾಲದಲ್ಲಿ ಛಾವಣಿಯ ಮೇಲೆ ಮೂಡಿದ ಒಂದು ತೇವದ ಕಲೆಯಿಂದಾಗಿ ಮೇಲಿನ ಮನೆಯವರೂ ಕೆಳಗಿನ ಮನೆಯವರೂ ವರ್ಷಗಟ್ಟಲೆ ಮಾತು ಬಿಟ್ಟ ನಿದರ್ಶನಗಳಿಗೆ ಕೊರತೆಯಿಲ್ಲ. ಇಂತಹ ಸಂದರ್ಭಗಳಲ್ಲಿ ನೀರು ಎಲ್ಲಿಂದ ಬರುತ್ತಿದೆ ಎಂಬುದನ್ನು ಅರಿಯದೆಯೇ ಗಿಲಾವು ಮಾಡಿಸಿ ಬಣ್ಣ ಬಳಿಸಲಾಗುತ್ತದೆ. ಮುಂದಿನ ಮಳೆಗೆ ಕಲೆ ಮರಳಿ ಬರುತ್ತದೆ. ಖರ್ಚು ಮಾಡಿದ ಹಣ ಮಾತ್ರ ಮರಳಿ ಬರುವುದಿಲ್ಲ.

ಒಂದೇ ಕಟ್ಟಡದ ಮನೆಗಳು ಒಂದೇ ಕಾಲದಲ್ಲಿ, ಒಂದೇ ನಕ್ಷೆಯಂತೆ, ಬಹುಮಟ್ಟಿಗೆ ಒಂದೇ ಬಗೆಯ ಸಾಮಗ್ರಿಯಿಂದ ಕಟ್ಟಲ್ಪಟ್ಟಿರುತ್ತವೆ. ಆದುದರಿಂದ ಒಂದು ಕುಟುಂಬವು ಹಣ ತೆತ್ತು ಕಲಿತ ಪಾಠವು ಉಳಿದವರಿಗೂ ಉಪಯುಕ್ತ. ಆದರೆ ಆ ತಿಳಿವಳಿಕೆ ಬಾಗಿಲಿನಾಚೆಗೆ ಬರುವುದೇ ಇಲ್ಲ. ಅದನ್ನು ಎಲ್ಲರಿಗೂ ದೊರಕಿಸುವ ಸರಳ ಮಾರ್ಗವೆಂದರೆ ಹತ್ತು ಹನ್ನೆರಡು ಕುಟುಂಬಗಳು ಸೇರಿ ಪ್ರಶ್ನೋತ್ತರ ಕೂಟವೊಂದನ್ನು ಏರ್ಪಡಿಸಿಕೊಳ್ಳುವುದು. ಇದಕ್ಕೆ ನೋಂದಣಿಯಾಗಲಿ ನಿಧಿಯಾಗಲಿ ಬೇಕಿಲ್ಲ. ತಿಂಗಳಿಗೊಮ್ಮೆ ಕೂಡಲು ಒಂದು ಸ್ಥಳ, ಒಂದು ದಾಖಲೆ ಪುಸ್ತಕ ಹಾಗೂ ಅದನ್ನು ಶ್ರದ್ಧೆಯಿಂದ ಬರೆದಿಡುವ ಒಬ್ಬ ವ್ಯಕ್ತಿ ಇದ್ದರೆ ಸಾಕು. ಇವುಗಳಲ್ಲಿ ಕೊನೆಯದು ದೊರೆಯುವುದೇ ತುಸು ಕಷ್ಟ.

ಪ್ರಶ್ನೆ ಕೇಳುವ ಬಗೆ

"ನಮ್ಮ ಗೋಡೆ ತೇವವಾಗಿದೆ, ಏನು ಮಾಡಬೇಕು?" ಎಂಬ ಪ್ರಶ್ನೆಗೆ ನುರಿತ ಎಂಜಿನಿಯರೂ ಉತ್ತರಿಸಲಾರ. ತೇವ ಯಾವ ಮಹಡಿಯಲ್ಲಿದೆ, ಗೋಡೆಯ ಬುಡದಲ್ಲಿದೆಯೋ ಮೇಲ್ಭಾಗದಲ್ಲಿದೆಯೋ, ಮಳೆಗಾಲದಲ್ಲಿ ಮಾತ್ರ ಕಾಣುವುದೋ ವರ್ಷವಿಡೀ ಇರುವುದೋ, ಗೋಡೆಯ ಮತ್ತೊಂದು ಬದಿಗೆ ಏನಿದೆ ಎಂಬ ವಿವರಗಳು ಪ್ರಶ್ನೆಯಲ್ಲಿಯೇ ಅಡಕವಾಗಿರಬೇಕು. ಈ ವಿವರಗಳನ್ನು ಕಲೆಹಾಕುವಷ್ಟರಲ್ಲಿ ಎಷ್ಟೋ ವೇಳೆ ಅರ್ಧ ಉತ್ತರ ದೊರೆತಿರುತ್ತದೆ. ನೆಲಮಹಡಿಯ ಗೋಡೆಯ ಬುಡದಿಂದ ಸುಮಾರು ಒಂದು ಮೀಟರಿನವರೆಗೆ ತೇವವೇರಿ ಬಿಳಿಯ ಉಪ್ಪು ಹೊಮ್ಮುತ್ತಿದ್ದರೆ ಅದು ಬಹುಶಃ ಭೂಮಿಯ ತೇವ. ಮಳೆ ಬಂದಾಗ ಮಾತ್ರ ಹೊರಗೋಡೆಯಲ್ಲಿ ಕಾಣಿಸಿಕೊಂಡರೆ ಬಿರುಕುಗಳನ್ನೂ ಕಿಟಕಿಯ ಚೌಕಟ್ಟಿನ ಸಂದುಗಳನ್ನೂ ಪರಿಶೀಲಿಸಬೇಕು. ಬೇಸಿಗೆಯಲ್ಲಿಯೂ ಆರದ ಕಲೆಯು ಕೊಳಾಯಿ ಅಥವಾ ಬಚ್ಚಲಿನ ಕಡೆಗೆ ಬೊಟ್ಟು ಮಾಡುತ್ತದೆ.

ಮೇಲಿನ ಮನೆಯ ಬಚ್ಚಲಿನ ಬಗೆಗೆ ಸಂದೇಹವಿದ್ದಲ್ಲಿ ವಾಗ್ವಾದಕ್ಕಿಂತ ಪರೀಕ್ಷೆ ಲೇಸು. ಆ ಮನೆಯವರ ಒಪ್ಪಿಗೆ ಪಡೆದು, ನೀರು ಹೊರಹೋಗುವ ನಹಾನಿ ಟ್ರ್ಯಾಪಿನ ಬಾಯಿಯನ್ನು ಬಿಗಿಯಾಗಿ ಮುಚ್ಚಿ, ನೆಲದ ಮೇಲೆ ಒಂದೆರಡು ಅಂಗುಲ ನೀರು ನಿಲ್ಲಿಸಿ ಒಂದು ದಿನ ಕಾಯಬೇಕು. ಕೆಳಗಿನ ಕಲೆ ಹಿಗ್ಗಿದರೆ ದೋಷ ನೆಲದಲ್ಲಿದೆ. ಹಿಗ್ಗದೆ, ಮುಚ್ಚಳ ತೆಗೆದು ನೀರು ಬಿಟ್ಟ ನಂತರ ಜಿನುಗಿದರೆ ಟ್ರ್ಯಾಪಿನ ಅಥವಾ ಹೊರಹೋಗುವ ಕೊಳವೆಯ ಜೋಡಣೆಯಲ್ಲಿದೆ. ಎರಡೂ ಆಗದೆ ಕಲೆ ಇದ್ದಂತೆಯೇ ಇದ್ದರೆ ಗೋಡೆಯೊಳಗಿನ ನೀರಿನ ಕೊಳವೆಯನ್ನು ಶಂಕಿಸಬಹುದು. ಇಷ್ಟು ತಿಳಿದರೆ ಇಡೀ ಬಚ್ಚಲಿನ ನೆಲವನ್ನು ಒಡೆಯುವ ಪ್ರಮೇಯ ಎಷ್ಟೋ ಕಡೆ ಬರುವುದಿಲ್ಲ.

ಖರ್ಚು ಯಾರದು ಎಂಬ ಪ್ರಶ್ನೆ ಇದರ ಬೆನ್ನಿಗೇ ಏಳುತ್ತದೆ. ಮಹಾರಾಷ್ಟ್ರದ ಸಹಕಾರಿ ಗೃಹನಿರ್ಮಾಣ ಸಂಘಗಳ ಮಾದರಿ ಉಪವಿಧಿಗಳ ಮೇರೆಗೆ ಹೊರಗಿನ ಸಾಮಾನ್ಯ ಕೊಳವೆಗಳ ಸೋರಿಕೆ, ಮಳೆನೀರಿನ ಸೋರಿಕೆ, ತಾರಸಿಯ ಮೂಲಕ ನೀರಿಳಿದು ಮೇಲಂತಸ್ತಿನ ಮನೆಯ ಛಾವಣಿಗೆ ಆಗುವ ಹಾನಿ ಇವುಗಳ ದುರಸ್ತಿ ಸಂಘದ ಹೊಣೆ. ಮನೆಯೊಳಗಿನ ಬಚ್ಚಲು, ಶೌಚಾಲಯ, ಸಿಂಕುಗಳ ಸೋರಿಕೆ ಆಯಾ ಸದಸ್ಯರ ಹೊಣೆ. ಇತರ ರಾಜ್ಯಗಳವರು ತಮ್ಮ ಸಂಘದ ಉಪವಿಧಿಗಳ ಪ್ರತಿಯನ್ನು ಪಡೆದು ಓದಿಕೊಂಡು, ಸಂಬಂಧಪಟ್ಟ ಭಾಗವನ್ನು ದಾಖಲೆ ಪುಸ್ತಕದ ಮೊದಲ ಪುಟದಲ್ಲಿಯೇ ಬರೆದಿಟ್ಟುಕೊಳ್ಳುವುದು ಉಚಿತ.

ಮಾತಿನ ತೊಡಕು

ಹೊರನಾಡಿನ ಕನ್ನಡಿಗರಿಗೆ ಇನ್ನೊಂದು ತೊಡಕಿದೆ. ಪ್ರಶ್ನೆ ಹುಟ್ಟುವುದು ಕನ್ನಡದಲ್ಲಿ, ಕೆಲಸ ನಡೆಯುವುದು ಬೇರೆ ನುಡಿಯಲ್ಲಿ. ಉತ್ತರ ಕರ್ನಾಟಕದವರ ಗವಂಡಿ ಮುಂಬಯಿ, ಪುಣೆಗಳಲ್ಲಿಯೂ ಗವಂಡಿಯೇ. ದೆಹಲಿಯಲ್ಲಿ ಆತ ರಾಜಮಿಸ್ತ್ರಿ, ಚೆನ್ನೈನಲ್ಲಿ ಕೊತ್ತನಾರ್, ಹೈದರಾಬಾದಿನಲ್ಲಿ ಮೇಸ್ತ್ರಿ. ಹೆಸರು ತಪ್ಪಿದರೆ ದೊಡ್ಡ ಹಾನಿಯಿಲ್ಲ. ಆದರೆ ಮರಾಠಿಯಲ್ಲಿ 'ಓಲ' ಎಂದರೆ ತೇವ, 'ಗಳತಿ' ಎಂದರೆ ಸೋರಿಕೆ. ಇವೆರಡನ್ನು ಅದಲುಬದಲು ಮಾಡಿ ಹೇಳಿದರೆ ಬರುವ ಕೆಲಸಗಾರನೂ ಅವನು ತರುವ ಸಾಮಗ್ರಿಯೂ ಬೇರೆಯಾಗುತ್ತವೆ. ಹಿಂದಿಯಲ್ಲಿ ತೇವಕ್ಕೆ 'ಸೀಲನ್' ಎನ್ನುತ್ತಾರೆ, ತೆಲುಗಿನಲ್ಲಿ 'ಚೆಮ್ಮ'. ತಮಿಳಿನಲ್ಲಿ ಜಿನುಗುವಿಕೆಗೆ 'ಕಸಿವು' ಎಂಬ ಪದವಿದೆ. ಇಂತಹ ಪದಗಳನ್ನು ಪುಸ್ತಕದ ಕೊನೆಯ ಪುಟಗಳಲ್ಲಿ ಸಂಗ್ರಹಿಸುತ್ತಾ ಹೋದರೆ ಹೊಸದಾಗಿ ಊರಿಗೆ ಬಂದ ಕುಟುಂಬಗಳಿಗೆ ಮಹದುಪಕಾರವಾಗುತ್ತದೆ.

ಉತ್ತರಿಸಬಾರದ ಪ್ರಶ್ನೆಗಳು

ಉತ್ತರ ನೀಡುವವರು ತಾವು ಮಾಡಿಸಿದ್ದನ್ನೂ ಕೇವಲ ಕೇಳಿದ್ದನ್ನೂ ಬೇರ್ಪಡಿಸಿ ಹೇಳತಕ್ಕದ್ದು. ಕೆಲಸ ಯಾವ ವರ್ಷ ಆಯಿತು, ಎಷ್ಟು ಖರ್ಚಾಯಿತು ಎಂಬುದು ದಾಖಲಾಗಬೇಕು. ಶಿಫಾರಸು ಮಾಡಿದ ಕಂಟ್ರಾಕ್ಟರು ತಮ್ಮ ಬಂಧುವಾಗಿದ್ದಲ್ಲಿ ಅದನ್ನೂ ತಿಳಿಸುವುದು ಸಭ್ಯತೆ.

ಕೆಲವು ಪ್ರಶ್ನೆಗಳಿಗೆ ಮಾತ್ರ ನೆರೆಹೊರೆಯವರು ಉತ್ತರಿಸಲೇಬಾರದು. ಕಂಬ, ತೊಲೆ, ಚಪ್ಪಡಿಗಳಿಗೆ ಸಂಬಂಧಿಸಿದ ಯಾವ ಪ್ರಶ್ನೆಯೂ ಈ ವರ್ಗಕ್ಕೆ ಸೇರುತ್ತದೆ. ಕಾಂಕ್ರೀಟಿನೊಳಗಿನ ಕಬ್ಬಿಣವು ತುಕ್ಕು ಹಿಡಿದಾಗ ಆ ತುಕ್ಕು ಮೂಲ ಲೋಹಕ್ಕಿಂತ ಹಲವು ಪಟ್ಟು ಜಾಗವನ್ನು ಆಕ್ರಮಿಸಿ ಮೇಲಿನ ಕಾಂಕ್ರೀಟನ್ನು ಒಳಗಿನಿಂದ ಸೀಳುತ್ತದೆ. ಸಮುದ್ರದ ಉಪ್ಪುಗಾಳಿಯಿರುವ ಮುಂಬಯಿ, ಚೆನ್ನೈಗಳಲ್ಲಿ ಈ ಕ್ರಿಯೆ ಇನ್ನೂ ತ್ವರಿತ. ಕಂಬಿಯ ಉದ್ದಕ್ಕೂ ಬಿರುಕು, ಕಂದು ಬಣ್ಣದ ಕಲೆ, ತಟ್ಟಿದರೆ ಟೊಳ್ಳು ಸದ್ದು ಇವು ಕಂಡುಬಂದಾಗ ಅದರ ಮೇಲೆ ಗಿಲಾವು ಮೆತ್ತುವುದೆಂದರೆ ಅಪಾಯವನ್ನು ಕಣ್ಮರೆ ಮಾಡುವುದಷ್ಟೇ. ಇಲ್ಲಿ ಅರ್ಹ ಸ್ಟ್ರಕ್ಚರಲ್ ಎಂಜಿನಿಯರರ ತಪಾಸಣೆ ಅನಿವಾರ್ಯ. ಮಹಾರಾಷ್ಟ್ರದ ಮಾದರಿ ಉಪವಿಧಿಗಳು 15ರಿಂದ 30 ವರ್ಷದ ಕಟ್ಟಡಗಳಿಗೆ 5 ವರ್ಷಕ್ಕೊಮ್ಮೆ, 30 ವರ್ಷ ಮೀರಿದವುಗಳಿಗೆ 3 ವರ್ಷಕ್ಕೊಮ್ಮೆ ಇಂತಹ ತಪಾಸಣೆಯನ್ನು ವಿಧಿಸಿವೆ. ಕೋಣೆ ದೊಡ್ಡದಾಗಲೆಂದು ಗೋಡೆ ಒಡೆಸುವ ಆಲೋಚನೆಗೂ ಇದೇ ಎಚ್ಚರ ಅನ್ವಯಿಸುತ್ತದೆ. ಪಕ್ಕದ ಮನೆಯವರು ಒಡೆಸಿದರೂ ಏನೂ ಆಗಲಿಲ್ಲ ಎಂಬುದು ಉತ್ತರವಲ್ಲ.

ವಿದ್ಯುತ್ ಹಾಗೂ ಅಡುಗೆ ಅನಿಲದ ಕೆಲಸಗಳೂ ಪರವಾನಗಿ ಹೊಂದಿದವರಿಗೇ ಮೀಸಲು. ಹಳೆಯ ಬಣ್ಣ ಕೆರೆಯುವ ವಿಷಯ ಸಣ್ಣದೆನಿಸಬಹುದು. ಆದರೆ ಗೃಹಬಳಕೆಯ ಬಣ್ಣಗಳಲ್ಲಿ ಸೀಸದ ಪ್ರಮಾಣವನ್ನು ಹತ್ತು ಲಕ್ಷದಲ್ಲಿ 90 ಭಾಗಕ್ಕೆ ಮಿತಗೊಳಿಸಿದ ನಿಯಮ ಜಾರಿಗೆ ಬಂದುದು 2017ರ ನವೆಂಬರಿನಲ್ಲಿ. ಅದಕ್ಕೆ ಮೊದಲು ಬಳಿದ ಬಣ್ಣದಲ್ಲಿ ಸೀಸವಿರುವ ಸಂಭವವುಂಟು. ಆದುದರಿಂದ ಒಣಗಿದಂತೆಯೇ ಉಜ್ಜದೆ ನೀರು ಚಿಮುಕಿಸಿ ಕೆರೆಯಬೇಕು. ಮಕ್ಕಳನ್ನೂ ಗರ್ಭಿಣಿಯರನ್ನೂ ಆ ಕೋಣೆಯಿಂದ ದೂರವಿರಿಸಬೇಕು.

ಪ್ರತಿ ವರ್ಷ ಮಳೆಗಾಲ ಮುಗಿದೊಡನೆ ಕೂಟವು ಒಮ್ಮೆ ಕಡ್ಡಾಯವಾಗಿ ಸೇರಿ ಹಳೆಯ ಉತ್ತರಗಳನ್ನು ಓದುವುದು ಒಳಿತು. ದುರಸ್ತಿಯಾದ ಜಾಗದಲ್ಲಿ ತೇವ ಮತ್ತೆ ಕಾಣಿಸಿಕೊಂಡಿದ್ದರೆ ಆ ಉತ್ತರವನ್ನು ಹೊಡೆದುಹಾಕದೆ, ಅದರ ಬದಿಯಲ್ಲಿಯೇ ವರ್ಷವನ್ನೂ ಆದ ಪರಿಣಾಮವನ್ನೂ ನಮೂದಿಸಬೇಕು. ಅದೇ ಕೆಲಸಕ್ಕೆ ಹಣ ಕೂಡಿಡುತ್ತಿರುವ ಮತ್ತೊಂದು ಮನೆಯವರು ಮೊದಲು ಓದುವುದು ಆ ಸಾಲನ್ನೇ.