ಕತ್ತರಿ ಹಾಕುವ ಮುನ್ನ ಬಟ್ಟೆಯನ್ನು ಕೇಳಿರಿ

ಮಕ್ಕಳೇ, ಹಳೆಯ ಅಂಗಿಯೊಂದರ ಹೊಲಿಗೆ ಬಿಚ್ಚಿ ಅದರ ತೋಳನ್ನು ನೆಲದ ಮೇಲೆ ಹರಡಿ ನೋಡಿದ್ದೀರಾ? ತೊಟ್ಟಾಗ ಕೊಳವೆಯಂತೆ ಕಾಣುವ ತೋಳು ಬಿಚ್ಚಿದಾಗ ಚಪ್ಪಟೆ ತುಂಡಾಗುತ್ತದೆ. ಅದರ ಒಂದು ಬದಿ ನೇರವಾಗಿರುತ್ತದೆ, ಇನ್ನೊಂದು ಬದಿ ಗುಡ್ಡದಂತೆ ಉಬ್ಬಿರುತ್ತದೆ. ಆ ಉಬ್ಬು ಏಕೆ? ನಮ್ಮ ಭುಜ ದುಂಡಗಿದೆ, ಬಟ್ಟೆ ಚಪ್ಪಟೆಯಾಗಿದೆ. ಚಪ್ಪಟೆಯಾದುದನ್ನು ದುಂಡಗಿನದಕ್ಕೆ ಹೊಂದಿಸುವ ಜಾಣ್ಮೆಯೇ ಹೊಲಿಗೆ. ಅದರಲ್ಲಿ ರೇಖಾಗಣಿತವಿದೆ, ಅಳತೆಯಿದೆ, ವಸ್ತುಗಳ ಗುಣಗಳ ಅರಿವೂ ಇದೆ.

ನಿಮ್ಮ ಮನೆಯಲ್ಲಿ ಅಜ್ಜಿಯ ಹಳೆಯ ಹತ್ತಿ ಸೀರೆಯೊಂದು ಇದೆ ಎಂದುಕೊಳ್ಳಿ. ಅದರಿಂದ ತಂಗಿಗೊಂದು ಅಂಬ್ರೆಲಾ ಲಂಗ ಹೊಲಿಯಬೇಕು. ಇರುವುದು ಒಂದೇ ಸೀರೆ. ತಪ್ಪಾಗಿ ಬರೆದ ಅಕ್ಷರವನ್ನು ರಬ್ಬರಿನಿಂದ ಅಳಿಸಬಹುದು. ತಪ್ಪಾಗಿ ಕತ್ತರಿಸಿದ ಬಟ್ಟೆಯನ್ನು ಮೊದಲಿನಂತೆ ಮಾಡಲಾಗದು. ಆದ್ದರಿಂದ ಕತ್ತರಿ ಹಾಕುವ ಮುನ್ನ ಬಟ್ಟೆಗೇ ಕೆಲವು ಪ್ರಶ್ನೆಗಳನ್ನು ಕೇಳೋಣ. ಪ್ರಶ್ನೆ ಕೇಳುವ ರೀತಿಯೇ ಪ್ರಯೋಗ.

ಮೊದಲ ಪ್ರಶ್ನೆ: ನೀನು ಯಾವ ಕಡೆಗೆ ಹಿಗ್ಗುತ್ತೀ?

ಸೀರೆಯ ಬಟ್ಟೆಯನ್ನು ಭೂತಗನ್ನಡಿಯಿಂದ ನೋಡಿರಿ. ಎರಡು ದಿಕ್ಕಿನ ನೂಲುಗಳು ಒಂದರ ಮೇಲೊಂದು, ಒಂದರ ಕೆಳಗೊಂದು ಹಾದುಹೋಗಿರುವುದು ಕಾಣುತ್ತದೆ. ಮಗ್ಗದ ಮೇಲೆ ಮೊದಲೇ ಬಿಗಿದು ಕಟ್ಟಿದ ಉದ್ದನೆಯ ನೂಲು ಹಾಸು. ಅದರ ನಡುವೆ ಅಡ್ಡಲಾಗಿ ಹೊಗಿಸಿದ ನೂಲು ಹೊಕ್ಕು. ‘ಹಾಸುಹೊಕ್ಕಾಗಿದೆ’ ಎಂಬ ಮಾತು ಬಂದದ್ದು ಇಲ್ಲಿಂದಲೇ! ಬಟ್ಟೆಯ ಬದಿಯಲ್ಲಿರುವ ಗಟ್ಟಿ ಅಂಚಿನ ಗುಂಟ ಹೋಗುವ ನೂಲೇ ಹಾಸು.

ಈಗ ಬಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದು ಮೂರು ರೀತಿಯಲ್ಲಿ ಎಳೆಯಿರಿ. ಅಂಚಿನ ಗುಂಟ ಎಳೆದಾಗ ಅದು ಬಹಳ ಕಡಿಮೆ ಹಿಗ್ಗುತ್ತದೆ. ಅಡ್ಡಲಾಗಿ ಎಳೆದಾಗ ತುಸು ಹೆಚ್ಚು ಹಿಗ್ಗಬಹುದು. ಮೂಲೆಯಿಂದ ಮೂಲೆಗೆ, ಅಂದರೆ ಓರೆಯಾಗಿ ಎಳೆದಾಗ? ಆಶ್ಚರ್ಯ! ಅದೇ ಬಟ್ಟೆ ಸಲೀಸಾಗಿ ಹಿಗ್ಗುತ್ತದೆ. ದರ್ಜಿಗಳು ಇದನ್ನು ‘ಕ್ರಾಸ್’ ಎನ್ನುತ್ತಾರೆ.

ಇದಕ್ಕೆ ಕಾರಣ ತಿಳಿಯಲು ನಾಲ್ಕು ಬೆಂಕಿಕಡ್ಡಿ (ಮದ್ದು ತೆಗೆದದ್ದು) ಮತ್ತು ಸೈಕಲ್ ವಾಲ್ವ್ ಟ್ಯೂಬಿನ ನಾಲ್ಕು ಚಿಕ್ಕ ತುಂಡು ತೆಗೆದುಕೊಳ್ಳಿ. ಟ್ಯೂಬಿನ ತುಂಡುಗಳೊಳಗೆ ಕಡ್ಡಿಗಳ ತುದಿ ಸಿಕ್ಕಿಸಿ ಒಂದು ಚೌಕ ಮಾಡಿರಿ. ಎದುರುಬದುರಿನ ಕಡ್ಡಿಗಳನ್ನು ಹಿಡಿದು ನೇರವಾಗಿ ಎಳೆಯಿರಿ. ಕಡ್ಡಿ ಉದ್ದವಾಗದು, ಚೌಕವೂ ಉದ್ದವಾಗದು. ಈಗ ಎದುರುಬದುರಿನ ಮೂಲೆಗಳನ್ನು ಹಿಡಿದು ಎಳೆಯಿರಿ. ಚೌಕ ವಜ್ರಾಕೃತಿಯಾಗಿ ಉದ್ದವಾಗುತ್ತದೆ, ಅಗಲ ಕಡಿಮೆಯಾಗುತ್ತದೆ. ಕಡ್ಡಿಗಳ ಉದ್ದ ಬದಲಾಯಿತೇ? ಇಲ್ಲ. ಬದಲಾದದ್ದು ಅವುಗಳ ನಡುವಿನ ಕೋನ ಮಾತ್ರ. ಬಟ್ಟೆಯಲ್ಲಿ ಇಂತಹ ಸಾವಿರಾರು ಪುಟ್ಟ ಚೌಕಗಳಿವೆ.

ಪ್ಯಾರಿಸ್ ನಗರದ ಮ್ಯಾಡೆಲೀನ್ ವಿಯೊನೆ (1876–1975) ಎಂಬ ಉಡುಪು ತಯಾರಕಿ 1920ರ ದಶಕದಲ್ಲಿ ಈ ಓರೆ ಗುಣವನ್ನು ಬಳಸಿಕೊಂಡು, ಮೈಗೆ ಹೊಂದಿ ನೀರಿನಂತೆ ಇಳಿಬೀಳುವ ಉಡುಪುಗಳನ್ನು ಮಾಡಿ ಹೆಸರಾದರು. ಅವರು ಹೊಸ ಉಡುಪನ್ನು ಮೊದಲು ಚಿಕ್ಕ ಮರದ ಗೊಂಬೆಯ ಮೇಲೆ ಮಾಡಿ ನೋಡುತ್ತಿದ್ದರು. ನಾವೂ ಹಾಗೆಯೇ ಚಿಕ್ಕದಾಗಿ ಮಾಡಿ ನೋಡಿ, ಅನಂತರ ದೊಡ್ಡದಕ್ಕೆ ಕೈಹಾಕಬಹುದು.

ಎರಡನೆಯ ಪ್ರಶ್ನೆ: ನೀರು ಕಂಡರೆ ಏನು ಮಾಡುತ್ತೀ?

ಬಟ್ಟೆಯ ಮೇಲೆ 20 ಸೆಂ.ಮೀ. ಬಾಹುವಿನ ಚೌಕವನ್ನು ದಾರದಿಂದ ಗುರುತು ಮಾಡಿರಿ. ಬಟ್ಟೆಯನ್ನು ಒಗೆದು ಒಣಗಿಸಿ ಮತ್ತೆ ಅಳೆಯಿರಿ. ಹೊಸ ಹತ್ತಿ ಬಟ್ಟೆಯಾದರೆ ಚೌಕ ಕುಗ್ಗಿರಬಹುದು. ನೇಯುವಾಗ ನೂಲನ್ನು ಬಿಗಿಯಾಗಿ ಎಳೆದಿರುತ್ತಾರೆ. ನೀರು ತಾಗಿದಾಗ ಆ ಬಿಗಿ ಸಡಿಲವಾಗಿ ಬಟ್ಟೆ ಕುಗ್ಗುತ್ತದೆ. 20 ಸೆಂ.ಮೀ. ಇದ್ದದ್ದು 19 ಆದರೆ ಕುಗ್ಗಿದ್ದು ಶೇಕಡಾ 5. ಹಾಗಾದರೆ 40 ಸೆಂ.ಮೀ. ಉದ್ದದ ಲಂಗ ಒಗೆದ ಮೇಲೆ 38 ಸೆಂ.ಮೀ. ಆಗುತ್ತದೆ. ಆದ್ದರಿಂದ ಹೊಸ ಬಟ್ಟೆಯನ್ನು ಮೊದಲು ಒಗೆಯಬೇಕು, ಆಮೇಲೆ ಕತ್ತರಿಸಬೇಕು. ಅಜ್ಜಿಯ ಸೀರೆ ಎಷ್ಟೋ ಸಲ ನೀರು ಕಂಡಿದೆ. ಅದು ಕುಗ್ಗುವಷ್ಟು ಈಗಾಗಲೇ ಕುಗ್ಗಿರುತ್ತದೆ.

ಮೂರನೆಯ ಪ್ರಶ್ನೆ: ಬೆಂಕಿ ಕಂಡರೆ?

ಇದನ್ನು ನೀವು ಮಾಡಬೇಡಿ. ಶಿಕ್ಷಕರು ಬಯಲಿನಲ್ಲಿ, ಪಕ್ಕದಲ್ಲಿ ಬಕೆಟ್ ನೀರಿಟ್ಟುಕೊಂಡು, ಒಂದೆರಡು ನೂಲುಗಳನ್ನು ಇಕ್ಕಳದಲ್ಲಿ ಹಿಡಿದು ಸುಟ್ಟು ತೋರಿಸಲಿ. ಹತ್ತಿ ಕಾಗದದಂತೆ ಉರಿದು ಮೆತ್ತನೆಯ ಬೂದಿಯಾಗುತ್ತದೆ. ನೈಲಾನ್, ಪಾಲಿಯೆಸ್ಟರ್ ನೂಲುಗಳು ಕರಗಿ ಗಟ್ಟಿ ಮಣಿಯಾಗುತ್ತವೆ. ಹೀಗೆ ಕರಗಿದ ಬಟ್ಟೆ ಚರ್ಮಕ್ಕೆ ಅಂಟಿಕೊಂಡು ಆಳವಾದ ಗಾಯ ಮಾಡುತ್ತದೆ. ಹತ್ತಿ ಕರಗದಿದ್ದರೂ ಬೇಗ ಹೊತ್ತಿಕೊಳ್ಳುತ್ತದೆ. ಒಲೆಯ ಮುಂದೆ ಅಗಲವಾದ, ಇಳಿಬಿದ್ದ ಉಡುಪು ಯಾವ ಬಟ್ಟೆಯದಾದರೂ ಅಪಾಯವೇ.

ಬಟ್ಟೆ ಎಲ್ಲಿಂದಲಾದರೂ ಬರಬಹುದು

ಉಡುಪಿನ ಬಟ್ಟೆ ಅಂಗಡಿಯಿಂದಲೇ ಬರಬೇಕೆಂದಿಲ್ಲ. ಉತ್ತರ ಕರ್ನಾಟಕದ ತಾಯಂದಿರು ಹಳೆಯ ಸೀರೆಗಳ ತುಂಡುಗಳಿಂದ ಕೌದಿ ಹೊಲಿಯುತ್ತಾರೆ. ಅಮೆರಿಕದಲ್ಲಿ 1930ರ ದಶಕದ ಕಷ್ಟದ ದಿನಗಳಲ್ಲಿ ಹಿಟ್ಟಿನ ಹತ್ತಿ ಚೀಲಗಳನ್ನು ಬಿಚ್ಚಿ ಮಕ್ಕಳಿಗೆ ಫ್ರಾಕು ಹೊಲಿಯುತ್ತಿದ್ದರು. ಇದನ್ನು ಕಂಡ ಕಂಪನಿಗಳು ಚೀಲಗಳ ಮೇಲೆ ಹೂವಿನ ಚಿತ್ತಾರವನ್ನೇ ಮುದ್ರಿಸಿದವು! 1944ರಲ್ಲಿ ವಿಮಾನದಿಂದ ಧುಮುಕಿದ ಸೈನಿಕನೊಬ್ಬನ ಜೀವ ಉಳಿಸಿದ ನೈಲಾನ್ ಪ್ಯಾರಾಚೂಟು, 1947ರಲ್ಲಿ ಅವನ ವಧುವಿನ ಮದುವೆಯ ಉಡುಪಾಯಿತು. ಆ ಉಡುಪು ಈಗ ಅಮೆರಿಕದ ಸ್ಮಿತ್‌ಸೋನಿಯನ್ ಸಂಗ್ರಹಾಲಯದಲ್ಲಿದೆ.

ಬಟ್ಟೆ ಯಾವುದೇ ಇರಲಿ, ಮೇಲಿನ ಮೂರು ಪ್ರಶ್ನೆಗಳನ್ನು ಕೇಳಲೇಬೇಕು.

ಕಾಗದದ ಮಾದರಿ

ಬಟ್ಟೆಯ ಮೇಲೆ ನೇರವಾಗಿ ಕತ್ತರಿ ಆಡಿಸುವ ಬದಲು ಮೊದಲು ಕಾಗದದ ಮಾದರಿ ಮಾಡಿಕೊಳ್ಳುವುದು ಜಾಣತನ. ಅಮೆರಿಕದ ಎಬೆನೆಜರ್ ಬಟರಿಕ್ ಎಂಬ ದರ್ಜಿ 1863ರಲ್ಲಿ ಒಂದೇ ಉಡುಪಿಗೆ ಚಿಕ್ಕವರಿಂದ ದೊಡ್ಡವರವರೆಗೆ ಬೇರೆ ಬೇರೆ ಅಳತೆಯ ಕಾಗದದ ಮಾದರಿಗಳನ್ನು ಮಾಡಿದರು. ಇದರಿಂದ ಮನೆಯಲ್ಲೇ ಉಡುಪು ಹೊಲಿದುಕೊಳ್ಳುವುದು ಸುಲಭವಾಯಿತು. ಇಂದು ಮನೆಯಲ್ಲೇ ಕುಳಿತು ತಮ್ಮದೇ ಮಾದರಿ ರಚಿಸಿ ಮಾರುವವರೂ ಇದ್ದಾರೆ. ಕೊಂಡವರು ಅದನ್ನು ಸಾಧಾರಣ ಹಾಳೆಗಳಲ್ಲಿ ಮುದ್ರಿಸಿ, ಅಂಟಿಸಿ ಬಳಸುತ್ತಾರೆ. ಅಂತಹ ಮಾದರಿಗಳ ಮೊದಲ ಹಾಳೆಯಲ್ಲಿ ಸಾಮಾನ್ಯವಾಗಿ ಒಂದು ಚೌಕವಿರುತ್ತದೆ. ಮುದ್ರಿಸಿದ ಮೇಲೆ ಅದನ್ನು ಅಳೆದು ನೋಡಬೇಕು. 10 ಸೆಂ.ಮೀ. ಇರಬೇಕಾದದ್ದು 9.5 ಇದ್ದರೆ, 66 ಸೆಂ.ಮೀ. ಸುತ್ತಳತೆ 62.7 ಆಗಿಬಿಡುತ್ತದೆ. ಚಿಕ್ಕದೊಂದು ಚೌಕ ದೊಡ್ಡ ನಷ್ಟವನ್ನು ತಪ್ಪಿಸುತ್ತದೆ.

ನಾವು ಹಳೆಯ ದಿನಪತ್ರಿಕೆಯಲ್ಲೇ ಮಾದರಿ ಮಾಡೋಣ.

ಅಂಬ್ರೆಲಾ ಲಂಗದ ಲೆಕ್ಕ

ತಂಗಿಯ ಸೊಂಟದ ಸುತ್ತಳತೆ 54 ಸೆಂ.ಮೀ., ಅದರ ಕೆಳಗೆ ಅತಿ ಅಗಲವಾದ ಭಾಗದ ಸುತ್ತಳತೆ 62 ಸೆಂ.ಮೀ. ಎಂದುಕೊಳ್ಳೋಣ. ಎಲಾಸ್ಟಿಕ್ ಹಾಕುವ ಲಂಗಕ್ಕೆ ಯಾವ ಅಳತೆ ಬೇಕು? ನೇಯ್ದ ಬಟ್ಟೆ ಹೆಚ್ಚು ಹಿಗ್ಗುವುದಿಲ್ಲ. ಲಂಗ ಮೇಲೇರಬೇಕಾದರೆ ಅಗಲವಾದ ಭಾಗವನ್ನು ದಾಟಬೇಕು. ಆದ್ದರಿಂದ 62ಕ್ಕೆ ಸಡಿಲಿಗೆಂದು 4 ಸೇರಿಸಿ 66 ಸೆಂ.ಮೀ. ಇಟ್ಟುಕೊಳ್ಳೋಣ.

ಅಂಬ್ರೆಲಾ ಲಂಗವನ್ನು ಹರಡಿದರೆ ನಡುವೆ ರಂಧ್ರವಿರುವ ದೊಡ್ಡ ವೃತ್ತ. ರಂಧ್ರದ ಪರಿಧಿ 66 ಸೆಂ.ಮೀ.

ಪರಿಧಿ = 2 × 22/7 × ತ್ರಿಜ್ಯ
ತ್ರಿಜ್ಯ = 66 × 7 ÷ 44 = 10.5 ಸೆಂ.ಮೀ.

ಹಾಗಾದರೆ 10.5ಕ್ಕೆ ಕತ್ತರಿಸಿಬಿಡೋಣವೇ? ಸ್ವಲ್ಪ ತಾಳಿ! ಹೊಲಿಗೆ ಬೀಳುವುದು ಅಂಚಿನಿಂದ 1 ಸೆಂ.ಮೀ. ಒಳಗೆ, ಅಂದರೆ ಬಟ್ಟೆಯ ಕಡೆಗೆ. 10.5ಕ್ಕೆ ಕತ್ತರಿಸಿದರೆ ಹೊಲಿಗೆಯ ತ್ರಿಜ್ಯ 11.5 ಆಗುತ್ತದೆ. ಆಗ ಪರಿಧಿ ಎಷ್ಟು? ಸುಮಾರು 72.3 ಸೆಂ.ಮೀ. ತ್ರಿಜ್ಯದಲ್ಲಿ 1 ಸೆಂ.ಮೀ. ವ್ಯತ್ಯಾಸವಾದರೆ ಸುತ್ತಳತೆಯಲ್ಲಿ 6 ಸೆಂ.ಮೀ.ಗೂ ಹೆಚ್ಚು ವ್ಯತ್ಯಾಸ! ಆದ್ದರಿಂದ ಕತ್ತರಿಸಬೇಕಾದ ತ್ರಿಜ್ಯ 9.5 ಸೆಂ.ಮೀ.

ಪಟ್ಟಿಯನ್ನು ಬಿಟ್ಟು ಲಂಗದ ಉದ್ದ 40 ಸೆಂ.ಮೀ., ಕೆಳಗಿನ ಮಡಿಕೆಗೆ 1.5 ಸೆಂ.ಮೀ. ಬೇಕು. ಹೊರವೃತ್ತದ ತ್ರಿಜ್ಯ 10.5 + 40 + 1.5 = 52 ಸೆಂ.ಮೀ. ವ್ಯಾಸ 104 ಸೆಂ.ಮೀ. ಸೀರೆಯ ಅಗಲ ಸಾಮಾನ್ಯವಾಗಿ ಇದಕ್ಕಿಂತ ಹೆಚ್ಚಿರುತ್ತದೆ. ಆದರೂ ಅಳೆದೇ ಮುಂದುವರಿಯಿರಿ.

ಮಾಡುವ ವಿಧಾನ

1. ಪತ್ರಿಕೆಯ ಹಾಳೆಗಳನ್ನು ಅಂಟಿಸಿ 52 ಸೆಂ.ಮೀ. ಬಾಹುವಿನ ಚೌಕ ಮಾಡಿರಿ. ಒಂದು ಮೂಲೆಯನ್ನು ಕೇಂದ್ರವಾಗಿಟ್ಟು, ದಾರ ಕಟ್ಟಿದ ಪೆನ್ಸಿಲಿನಿಂದ 9.5 ಮತ್ತು 52 ಸೆಂ.ಮೀ. ತ್ರಿಜ್ಯದ ಎರಡು ಕಂಸಗಳನ್ನು ಎಳೆಯಿರಿ. ಇದು ಲಂಗದ ಕಾಲು ಭಾಗ.
2. ಸೀರೆಯಿಂದ 104 ಸೆಂ.ಮೀ. ಬಾಹುವಿನ ಚೌಕ ತೆಗೆದು ಎರಡು ಸಲ ಮಡಚಿರಿ. ಬಟ್ಟೆಯ ಕೇಂದ್ರ ಬರುವ ಮೂಲೆಗೆ ಕಾಗದದ ಕೇಂದ್ರವನ್ನು ಹೊಂದಿಸಿ, ಗುಂಡುಪಿನ್ನು ಚುಚ್ಚಿ, ಹಿರಿಯರ ನೆರವಿನಿಂದ ಕತ್ತರಿಸಿರಿ.
3. 68 ಸೆಂ.ಮೀ. ಉದ್ದ, 8 ಸೆಂ.ಮೀ. ಅಗಲದ ಪಟ್ಟಿಯ ತುದಿಗಳನ್ನು 1 ಸೆಂ.ಮೀ. ಬಿಟ್ಟು ಹೊಲಿದು ಬಳೆಯಂತೆ ಮಾಡಿರಿ. ಇದನ್ನು ರಂಧ್ರದ ಅಂಚಿಗೆ ಹೊಲಿದು, ಮಡಚಿ, ಒಳಗೆ ಎಲಾಸ್ಟಿಕ್ ತೂರಿಸಿರಿ.
4. ಕೆಳಗಿನ ಮಡಿಕೆಯನ್ನು ಈಗಲೇ ಹೊಲಿಯಬೇಡಿ. ಲಂಗವನ್ನು ಒಂದು ದಿನ ತೂಗುಹಾಕಿರಿ.

ಏಕೆ ತೂಗುಹಾಕಬೇಕು? ಬೆಂಕಿಕಡ್ಡಿಯ ಚೌಕ ನೆನಪಿಸಿಕೊಳ್ಳಿ. ವೃತ್ತವನ್ನು ಕತ್ತರಿಸಿದಾಗ ಕೆಲವು ಕಡೆ ಹಾಸು, ಕೆಲವು ಕಡೆ ಹೊಕ್ಕು ನೇರ ಕೆಳಗಿಳಿದಿರುತ್ತದೆ. ಅವುಗಳ ನಡುವಿನ ನಾಲ್ಕು ಕಡೆ ಬಟ್ಟೆ ಓರೆಯಾಗಿರುತ್ತದೆ. ಓರೆಯ ಜಾಗಗಳು ಬಟ್ಟೆಯ ತೂಕಕ್ಕೇ ನಿಧಾನವಾಗಿ ಹಿಗ್ಗಿ ಜೋತುಬೀಳುತ್ತವೆ. ಮರುದಿನ ತಂಗಿಗೆ ತೊಡಿಸಿ, ಅಂಚು ನೆಲದಿಂದ ಎಷ್ಟು ಮೇಲಿದೆ ಎಂದು ಎಂಟು ಕಡೆ ಅಳೆಯಿರಿ. ಜೋತುಬಿದ್ದಷ್ಟನ್ನು ಕತ್ತರಿಸಿ ಸಮಮಾಡಿ, ಆಮೇಲೆ ಮಡಿಕೆ ಹೊಲಿಯಿರಿ. ಅವಸರದಲ್ಲಿ ಅಂದೇ ಹೊಲಿದಿದ್ದರೆ ಲಂಗದ ಅಂಚು ಅಲ್ಲಲ್ಲಿ ಇಳಿದು ವಕ್ರವಾಗುತ್ತಿತ್ತು.

ಅಗಲ ಸಾಲದಿದ್ದರೆ?

ಬಾಗಲಕೋಟೆ ಜಿಲ್ಲೆಯ ಗುಳೇದಗುಡ್ಡದಲ್ಲಿ ನೇಯುವ ಖಣವನ್ನು ನೋಡಿದ್ದೀರಾ? ಕುಪ್ಪಸಕ್ಕೆಂದೇ ನೇಯುವ ಈ ಬಟ್ಟೆಯ ಅಗಲ ಕಡಿಮೆ. ಅದರಲ್ಲಿ ಅಷ್ಟು ದೊಡ್ಡ ವೃತ್ತ ಹಿಡಿಸದು. ‘ಹಾಸಿಗೆ ಇದ್ದಷ್ಟು ಕಾಲು ಚಾಚು’ ಎಂಬ ಗಾದೆ ಇಲ್ಲಿಯೂ ಸಲ್ಲುತ್ತದೆ. ವೃತ್ತದ ಬದಲು ಮೇಲೆ ಕಿರಿದು, ಕೆಳಗೆ ಅಗಲವಾದ ಆರು ತ್ರಾಪಿಜ್ಯಗಳನ್ನು ಜೋಡಿಸಬಹುದು. 66 ÷ 6 = 11. ಎರಡೂ ಬದಿಯ ಹೊಲಿಗೆಗೆ ಒಂದೊಂದು ಸೆಂ.ಮೀ. ಸೇರಿಸಿದರೆ ಪ್ರತಿ ತುಂಡಿನ ಮೇಲಿನ ಅಗಲ 13 ಸೆಂ.ಮೀ. ಆ 2 ಸೆಂ.ಮೀ. ಮರೆತರೆ ಒಟ್ಟು 12 ಸೆಂ.ಮೀ. ನಷ್ಟವಾಗಿ ಸುತ್ತಳತೆ 54ಕ್ಕೆ ಇಳಿಯುತ್ತದೆ. ಲಂಗ ಸೊಂಟ ಮುಟ್ಟುವುದೇ ಇಲ್ಲ!

ಓದು ಬಾರದಿದ್ದರೂ ಕಣ್ಣಳತೆಯಲ್ಲೇ ಇದನ್ನೆಲ್ಲ ಸರಿಯಾಗಿ ಮಾಡುವ ದರ್ಜಿಯೋ, ತಾಯಿಯೋ, ಅತ್ತೆಯೋ ನಿಮ್ಮ ಊರಿನಲ್ಲಿ ಇದ್ದೇ ಇರುತ್ತಾರೆ. ಅವರ ಬಳಿ ಹೋಗಿ ಕುಳಿತು ‘ಇಲ್ಲಿ ಓರೆಯಾಗಿ ಏಕೆ ಕತ್ತರಿಸಿದಿರಿ?’ ಎಂದು ಕೇಳಿರಿ. ಹುಡುಗರೇ, ಇದು ಹುಡುಗಿಯರ ಕೆಲಸವೆಂದು ದೂರ ನಿಲ್ಲಬೇಡಿ. ಗುಂಡಿ ಹಾಕಲು, ಹರಿದದ್ದನ್ನು ಹೊಲಿಯಲು ಎಲ್ಲರಿಗೂ ಬರಬೇಕು.

ಮಾಡಿ ನೋಡಿ, ಯೋಚಿಸಿ

1. ಕರವಸ್ತ್ರದ ಅಳತೆಯ ಬಟ್ಟೆಯಲ್ಲಿ ಗೊಂಬೆಗೊಂದು ಅಂಬ್ರೆಲಾ ಲಂಗ ಮಾಡಿರಿ. ಗೊಂಬೆಯ ಸೊಂಟ 11 ಸೆಂ.ಮೀ. ಇದ್ದರೆ ಹೊಲಿಗೆಯ ತ್ರಿಜ್ಯ ಎಷ್ಟು?
2. ವೃತ್ತಾಕಾರದ ಅಂಚನ್ನು ಅಗಲವಾಗಿ ಮಡಚಿದರೆ ಸುಕ್ಕು ಬೀಳುತ್ತದೆ, ಕಿರಿದಾಗಿ ಮಡಚಿದರೆ ಅಷ್ಟು ಬೀಳದು. ಏಕೆ?
3. ಬನಿಯನ್ನಿನ ಬಟ್ಟೆ ನೇರವಾಗಿ ಎಳೆದರೂ ಹಿಗ್ಗುತ್ತದೆ. ಭೂತಗನ್ನಡಿಯಲ್ಲಿ ಅದರ ನೂಲನ್ನು ನೋಡಿ ಕಾರಣ ಹುಡುಕಿರಿ.